ಶುಕ್ರವಾರ ಹೊರಟು ಸೋಮವಾರ ವಾಪಸ್: ಇಬ್ಬರ ಮುಂಬೈ ಪ್ಲಾನ್ ಹೀಗಿರಲಿ

ಎರಡು ದಿನ ಆರಾಮಾಗಿ ಇದ್ದು ಬರೋಣ ಅಂತ ಮುಂಬೈಗೆ ಹೋದ ಜೋಡಿಗಳು ಜಾಸ್ತಿ ಜಗಳ ಆಡುವುದು ಎಲ್ಲಿ ಗೊತ್ತಾ? ಟ್ಯಾಕ್ಸಿಯಲ್ಲಿ. ಬೆಳಿಗ್ಗೆ ಜುಹು, ಮಧ್ಯಾಹ್ನ ಗೇಟ್‌ವೇ ಆಫ್ ಇಂಡಿಯಾ, ಸಂಜೆ ಬಾಂದ್ರಾ ಅಂತ ಪಟ್ಟಿ ಹಾಕಿಕೊಂಡು ಊರಿನ ಆ ತುದಿಯಿಂದ ಈ ತುದಿಗೆ ಅಲೆಯುತ್ತಾರೆ. ಕೊನೆಗೆ ಸೂರ್ಯ ಮುಳುಗುವ ಹೊತ್ತಿಗೆ ಯಾವುದೋ ಫ್ಲೈಓವರ್ ಮೇಲೆ ಸಿಕ್ಕಿಹಾಕಿಕೊಂಡು, ಮುಖ ಊದಿಸಿಕೊಂಡು ಕೂತಿರುತ್ತಾರೆ.

ಹೊರಡುವ ಮುಂಚೆ ಒಂದು ಸಲ ನಕ್ಷೆ ನೋಡಿ. ಮುಂಬೈ ನುಗ್ಗೆಕಾಯಿಯ ಹಾಗೆ ಮೇಲಿಂದ ಕೆಳಕ್ಕೆ ಇಳಿಬಿದ್ದ ಊರು. ಏರ್‌ಪೋರ್ಟ್, ಅಂಧೇರಿ, ಜುಹು ಮೇಲೆ. ಗೇಟ್‌ವೇ, ಕೊಲಾಬಾ, ಫೋರ್ಟ್, ಮರೀನ್ ಡ್ರೈವ್ ಕೆಳತುದಿಯಲ್ಲಿ. ಮೊದಲ ಸಲ ಹೋಗುವವರು ಕೆಳತುದಿಯಲ್ಲೇ ರೂಮು ಹಿಡಿಯಬೇಕು, ಮಿಕ್ಕ ಊರಿಗೆ ಒಂದೇ ಒಂದು ದಿನ ಕೊಡಬೇಕು. ಇಷ್ಟು ಒಪ್ಪಿಕೊಂಡರೆ ಪ್ಲಾನ್ ಅರ್ಧ ಮುಗಿದಂತೆ.

ತಿಂಗಳು, ವಾರ, ಹಟ

ನವೆಂಬರ್‌ನಿಂದ ಫೆಬ್ರುವರಿ ತನಕ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಸೆಖೆಗೆ ಮೈಯೆಲ್ಲ ಅಂಟು. ಮಂಗಳೂರು ಕಡೆಯವರಿಗೆ ಅಭ್ಯಾಸ ಇರುತ್ತದೆ, ಬೆಂಗಳೂರಿನವರು ಮಧ್ಯಾಹ್ನಕ್ಕೇ ಸುಸ್ತಾಗುತ್ತಾರೆ.

ಮಳೆಗಾಲ ಮಾತ್ರ ಅವರವರ ಇಷ್ಟ. ಜೂನ್‌ನಿಂದ ಸೆಪ್ಟೆಂಬರ್ ತನಕ ಮುಂಬೈ ನೋಡುವುದಕ್ಕೆ ಚೆಂದ, ಆದರೆ ಲೋಕಲ್ ರೈಲು ನಿಂತೀತು, ದೋಣಿ ನಿಂತೀತು, ಟೈಮ್‌ಟೇಬಲ್ ಹಿಡಿದು ಓಡಾಡುವವರಿಗೆ ತಲೆಬಿಸಿ. ಆ ಕಾಲದಲ್ಲಿ ಭರತದ ಅಲೆ ನಾಲ್ಕೂವರೆ ಮೀಟರ್ ದಾಟುವ ದಿನಗಳ ಪಟ್ಟಿಯನ್ನು ಪಾಲಿಕೆಯೇ ಕೊಡುತ್ತದೆ. ಅಂಥ ದಿನ ಮರೀನ್ ಡ್ರೈವ್ ಕಟ್ಟೆಯ ಮೇಲೆ ಕೂರುವ ಆಸೆ ಬಿಡಿ, ರಸ್ತೆಯ ಆಚೆ ಬದಿಯಿಂದ ನೋಡಿ ಸಾಕು.

ವಾರದ ಲೆಕ್ಕವೂ ಇದೆ. ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ. ಭಾನುವಾರ ಫೋರ್ಟ್ ಕಡೆಯ ಆಫೀಸುಗಳು ಮುಚ್ಚಿ ರಸ್ತೆಗಳು ಖಾಲಿ ಇರುತ್ತವೆ, ಆದರೆ ಹಳಿ ರಿಪೇರಿಗೆ ಕೆಲವು ಲೋಕಲ್ ರೈಲು ನಿಲ್ಲಿಸುವ 'ಮೆಗಾ ಬ್ಲಾಕ್' ಇಡುವುದೂ ಭಾನುವಾರವೇ. ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಶುರುವಾದರೆ ಸಂಜೆವರೆಗೆ ಇರುತ್ತದೆ. ಯಾವ ಲೈನಿನಲ್ಲಿ ಅಂತ ಹಿಂದಿನ ದಿನವೇ ನೋಡಿಕೊಳ್ಳಿ.

ಇನ್ನು ಹಟದ ವಿಷಯ. ಇಬ್ಬರೂ ಬೇರೆ ಬೇರೆ ಕೂತು, ಇದೊಂದು ಆಗಲೇಬೇಕು ಅನ್ನುವುದನ್ನು ಒಂದೊಂದೇ ಬರೆಯಿರಿ. ಒಬ್ಬರಿಗೆ ಪೃಥ್ವಿ ಥಿಯೇಟರ್‌ನಲ್ಲಿ ನಾಟಕ, ಇನ್ನೊಬ್ಬರಿಗೆ ಕೊಲಾಬಾ ಕಾಸ್‌ವೇಯಲ್ಲಿ ಕಿವಿಯೋಲೆ ಚೌಕಾಸಿ. ಆ ಎರಡಕ್ಕೆ ಯಾರೂ ಬೇಡ ಅನ್ನುವಂತಿಲ್ಲ. ಬಾಕಿ ಎಲ್ಲವೂ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ.

ಹೋಗುವುದು

ಬೆಂಗಳೂರಿನಿಂದ ಮೂರು ರಾತ್ರಿಯ ಟ್ರಿಪ್ ಅಂದರೆ ವಿಮಾನವೇ ಸರಿ, ಎರಡು ಗಂಟೆಯೊಳಗೆ ಮುಟ್ಟುತ್ತೀರಿ. ಉದ್ಯಾನ್ ಎಕ್ಸ್‌ಪ್ರೆಸ್ ಹೆಚ್ಚುಕಡಿಮೆ 24 ಗಂಟೆ ತೆಗೆದುಕೊಳ್ಳುತ್ತದೆ, ರಜೆ ಇದ್ದವರಿಗೆ ಅದೂ ಒಂದು ಮಜಾ. ಹುಬ್ಬಳ್ಳಿಯವರಿಗೆ ದಾದರ್ ಕಡೆಗೆ ರಾತ್ರಿ ಪ್ರಯಾಣದ ರೈಲಿದೆ. ಕರಾವಳಿಯವರ ಅದೃಷ್ಟ ಇನ್ನೂ ಚೆನ್ನಾಗಿದೆ: ಮಂಗಳೂರಿನಿಂದ ಮಧ್ಯಾಹ್ನ ಹೊರಡುವ ಮತ್ಸ್ಯಗಂಧ ಹತ್ತಿದರೆ ಮರುದಿನ ಬೆಳಗಾಗುವ ಹೊತ್ತಿಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್. ರೈಲು ಟಿಕೆಟ್ ಈಗ 60 ದಿನ ಮುಂಚೆ ಮಾತ್ರ ತೆರೆಯುತ್ತದೆ. ವಾರಾಂತ್ಯದ್ದಾದರೆ ಆ ದಿನವೇ ಮಾಡಿಬಿಡಿ.

ವಿಮಾನದ ಟಿಕೆಟ್ ಮಾಡುವಾಗ ಒಂದು ಎಚ್ಚರ. ನವಿ ಮುಂಬೈ ಏರ್‌ಪೋರ್ಟ್ ಕೂಡ ಈಗ ಶುರುವಾಗಿದೆ. ಕಡಿಮೆ ರೇಟು ಅಂತ ಖುಷಿಯಿಂದ ಒತ್ತಿದ ಟಿಕೆಟ್ ಅಲ್ಲಿಗಾದರೆ ಕೊಲಾಬಾಗೆ ಬರುವ ಟ್ಯಾಕ್ಸಿಯಲ್ಲಿ ಆ ಉಳಿತಾಯ ಕರಗಿಹೋಗುತ್ತದೆ. ಹಳೆಯ ಏರ್‌ಪೋರ್ಟ್ ಆದರೆ ಇನ್ನೊಂದು ಲಾಭ ಇದೆ. ಆರೆಯಿಂದ ಕಫ್ ಪರೇಡ್‌ವರೆಗಿನ ಮೆಟ್ರೋ ಮೂರನೇ ಲೈನು 2025ರ ಅಕ್ಟೋಬರ್‌ನಿಂದ ಪೂರ್ತಿ ಓಡುತ್ತಿದೆ. 33.5 ಕಿಲೋಮೀಟರ್, 27 ಸ್ಟೇಷನ್. ಎರಡೂ ಟರ್ಮಿನಲ್‌ಗೆ ಸ್ಟೇಷನ್ ಇದೆ, ಚರ್ಚ್‌ಗೇಟ್, ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್), ಹುತಾತ್ಮ ಚೌಕಕ್ಕೂ ಇದೆ. ಕನಿಷ್ಠ ಟಿಕೆಟ್ 10 ರೂಪಾಯಿ, ಗರಿಷ್ಠ 70. ನೆಲದಡಿ ಫೋನಿನ ನೆಟ್‌ವರ್ಕ್ ಕೈಕೊಡಬಹುದು, ಜೇಬಿನಲ್ಲಿ ಚಿಲ್ಲರೆ ಇರಲಿ.

ರೂಮು: ಕೇಳಲೇಬೇಕಾದ ಪ್ರಶ್ನೆಗಳು

ಕೊಲಾಬಾ, ಫೋರ್ಟ್, ಚರ್ಚ್‌ಗೇಟ್. ಈ ಮೂರರಲ್ಲಿ ಎಲ್ಲಾದರೂ ಸರಿ. ರೂಮುಗಳು ಚಿಕ್ಕವು, ರೇಟು ದೊಡ್ಡದು, ಇದು ಆ ಊರಿನ ಸ್ವಭಾವ. ಅದೇ ದುಡ್ಡಿಗೆ ಅಂಧೇರಿಯಲ್ಲಿ ದೊಡ್ಡ ರೂಮು ಸಿಗುತ್ತದೆ ಅಂತ ಆಸೆಪಡಬೇಡಿ, ರೂಮು ನೋಡಲು ಹೋಗುತ್ತಿಲ್ಲ ಅಲ್ವಾ?

ಬುಕ್ ಮಾಡುವ ಮುಂಚೆ ಹೋಟೆಲ್‌ಗೆ ನೇರವಾಗಿ ಫೋನ್ ಮಾಡಿ. ಕಿಟಕಿ ಇದೆಯಾ? ತೆರೆದರೆ ಏನು ಕಾಣುತ್ತದೆ? ಈ ಭಾಗದ ಹಳೆಯ ಕಟ್ಟಡಗಳ ಗೆಸ್ಟ್‌ಹೌಸ್‌ಗಳಲ್ಲಿ ಕಿಟಕಿಯೇ ಇಲ್ಲದ ರೂಮುಗಳೂ ಇವೆ, ಬಾತ್‌ರೂಮು ಹೊರಗೆ ಇರುವವೂ ಇವೆ. 'ಸೀ ವ್ಯೂ' ಅಂದರೆ ಹಾಸಿಗೆಯ ಮೇಲಿಂದ ಸಮುದ್ರ ಕಾಣುತ್ತದಾ, ಇಲ್ಲಾ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದರೆ ಕಾಣುತ್ತದಾ ಅಂತ ಬಿಡಿಸಿ ಕೇಳಿ. ನಾಚಿಕೆ ಬೇಡ. ತೆರಿಗೆ ಸೇರಿ ಒಟ್ಟು ಎಷ್ಟು ಅನ್ನುವುದನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.

ಮದುವೆ ಆಗದ ಜೋಡಿ ಒಂದೇ ರೂಮಿನಲ್ಲಿ ಇರಬಾರದು ಅನ್ನುವ ಕಾನೂನು ಯಾವುದೂ ಇಲ್ಲ. ಆದರೆ ಕೆಲವು ಹೋಟೆಲ್‌ಗಳು ತಮ್ಮದೇ ನಿಯಮ ಇಟ್ಟುಕೊಂಡಿರುತ್ತವೆ, ರಾತ್ರಿ ಕೌಂಟರ್ ಮುಂದೆ ನಿಂತು ವಾದ ಮಾಡುವ ಬದಲು ಮುಂಚೆಯೇ ಕೇಳಿಕೊಳ್ಳುವುದು ಮೇಲು. ಇಬ್ಬರದ್ದೂ ಗುರುತಿನ ಚೀಟಿ ಬೇಕೇ ಬೇಕು. ಪ್ಯಾನ್ ಕಾರ್ಡ್ ಸಾಲುವುದಿಲ್ಲ, ವಿಳಾಸ ಇರುವುದು ತನ್ನಿ.

ಶನಿವಾರ: ಬೆಳಿಗ್ಗೆ ದ್ವೀಪ, ಸಂಜೆ ಕಟ್ಟೆ

ಗೇಟ್‌ವೇಯಿಂದ ಎಲಿಫೆಂಟಾಗೆ ಬೆಳಿಗ್ಗೆ ಒಂಬತ್ತರ ಸುಮಾರಿಗೆ ದೋಣಿಗಳು ಶುರು. ಮೊದಲ ದೋಣಿಗಳಲ್ಲೇ ಹೊರಡಿ, ಹೊತ್ತೇರಿದ ಮೇಲೆ ಬಿಸಿಲು, ಜನ ಎರಡೂ ಜಾಸ್ತಿ. ಪ್ರಯಾಣ ಒಂದು ಗಂಟೆ. ಸ್ವಲ್ಪ ಹೆಚ್ಚು ಕೊಟ್ಟು ಮೇಲಿನ ಅಟ್ಟಣಿಗೆಯಲ್ಲಿ ಕೂತರೆ ಗೇಟ್‌ವೇ ಮತ್ತು ತಾಜ್ ಹೋಟೆಲ್ ಎರಡೂ ಒಟ್ಟಿಗೆ ಹಿಂದೆ ಸರಿಯುವುದು ಕಾಣುತ್ತದೆ. ತಾಜ್ ಹಳೆಯದು, 1903ರದ್ದು. ಗೇಟ್‌ವೇ ಮುಗಿದದ್ದು 1924ರಲ್ಲಿ.

ದ್ವೀಪದಲ್ಲಿ ಇಳಿದ ಮೇಲೆ ನೂರಿಪ್ಪತ್ತು ಮೆಟ್ಟಿಲು. ಎರಡೂ ಬದಿ ಅಂಗಡಿ, ನಡುನಡುವೆ ಕೋತಿ. ಕೈಯಲ್ಲಿ ಜ್ಯೂಸ್ ಬಾಟಲಿ ಹಿಡಿದು ಹತ್ತಿದರೆ ಅದು ನಿಮ್ಮದಲ್ಲ ಅಂದುಕೊಳ್ಳಿ. ಗುಹೆಯ ಪ್ರವೇಶಕ್ಕೆ 40 ರೂಪಾಯಿ. ಒಳಗೆ ಹೋದ ತಕ್ಷಣ ಫೋನ್ ತೆಗೆಯಬೇಡಿ, ಕತ್ತಲಿಗೆ ಕಣ್ಣು ಹೊಂದಿಕೊಳ್ಳಲಿ. ಎದುರಿನ ಗೋಡೆಯಿಂದ ಇಪ್ಪತ್ತು ಅಡಿ ಎತ್ತರದ ಮೂರು ಮುಖದ ಶಿವ ಮೆಲ್ಲಗೆ ಬಿಡಿಸಿಕೊಂಡು ಬರುತ್ತಾನೆ: ಒಂದು ಬದಿ ಸಿಟ್ಟಿನ ಮುಖ, ಇನ್ನೊಂದು ಬದಿ ಹೆಣ್ಣಿನ ಮುಖ, ನಡುವೆ ಕಣ್ಣು ಮುಚ್ಚಿದ ಶಾಂತ ಮುಖ. ಈ ದ್ವೀಪದ ಹೆಸರು ಘಾರಾಪುರಿ. ಐಹೊಳೆ ಶಾಸನದಲ್ಲಿ ನಮ್ಮ ಇಮ್ಮಡಿ ಪುಲಿಕೇಶಿ ಹಡಗು ನುಗ್ಗಿಸಿ ಗೆದ್ದ 'ಪುರಿ' ಇದೇ ಅನ್ನುವ ಇತಿಹಾಸಕಾರರಿದ್ದಾರೆ. ಬಾದಾಮಿ ನೋಡಿದವರಿಗೆ ಗುಹೆಯ ಕಂಬಗಳ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು ಅನಿಸುತ್ತದೆ.

ಒಂದೂವರೆ, ಎರಡಕ್ಕೆ ವಾಪಸ್. ಊಟ ಮಾಡಿ ರೂಮಿಗೆ ಹೋಗಿ ಮಲಗಿ. ನಿಜವಾಗಲೂ ಮಲಗಿ, ಮಧ್ಯಾಹ್ನದ ನಿದ್ದೆ ಇಲ್ಲದ ಗೆಟ್‌ಅವೇ ಅದೆಂಥದ್ದು?

ನಾಲ್ಕಕ್ಕೆ ಎದ್ದು ನಡೆಯಲು ಶುರು ಮಾಡಿ. ರೀಗಲ್ ಸಿನಿಮಾ, ಮ್ಯೂಸಿಯಂ, ಕಾಲಾ ಘೋಡಾ, ಜಹಾಂಗೀರ್ ಆರ್ಟ್ ಗ್ಯಾಲರಿ, ಆಮೇಲೆ ಓವಲ್ ಮೈದಾನ. ಮೈದಾನದ ಮಧ್ಯೆ ಕ್ರಿಕೆಟ್ ಆಡುವವರ ಚೆಂಡು ತಪ್ಪಿಸಿಕೊಂಡು ನಿಂತರೆ, ಒಂದು ಕಡೆ ಹೈಕೋರ್ಟು, ರಾಜಾಬಾಯಿ ಗಡಿಯಾರ ಗೋಪುರದ ಚೂಪು ಕಲ್ಲು ಕಟ್ಟಡಗಳು, ಇನ್ನೊಂದು ಕಡೆ ದುಂಡು ಬಾಲ್ಕನಿಗಳ ಆರ್ಟ್ ಡೆಕೋ ಮನೆಗಳು. ಎರಡನ್ನೂ ಸೇರಿಸಿ 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿದೆ. ಅಲ್ಲಿಂದ ಚರ್ಚ್‌ಗೇಟ್ ದಾಟಿದರೆ ಮರೀನ್ ಡ್ರೈವ್.

ಸೂರ್ಯ ಮುಳುಗುವುದು ಡಿಸೆಂಬರ್‌ನಲ್ಲಿ ಆರರ ಸುಮಾರಿಗೆ, ಮೇ ತಿಂಗಳಲ್ಲಿ ಏಳು ದಾಟಿದ ಮೇಲೆ. ಅರ್ಧ ಗಂಟೆ ಮುಂಚೆ ಕಟ್ಟೆ ಹಿಡಿಯಿರಿ. ಊರಿಗೆ ಬೆನ್ನು ಹಾಕಿ, ಕಾಲು ಸಮುದ್ರದ ಕಡೆ ಬಿಟ್ಟು ಕೂರುವುದು ಅಲ್ಲಿನ ಪದ್ಧತಿ. ಕೆಳಗೆ ನಾಲ್ಕು ಕಾಲಿನ ಕಾಂಕ್ರೀಟ್ ಕಲ್ಲುಗಳ ರಾಶಿ, ಅದರ ಸಂದಿಯಲ್ಲಿ ನೀರಿನ ಸದ್ದು. ಸೈಕಲ್ ಮೇಲೆ ಚಹಾ ಬರುತ್ತದೆ. ಪಕ್ಕದಲ್ಲಿ ಕೂತವರೂ ಜೋಡಿಯೇ, ಅವರಿಗೆ ನಿಮ್ಮ ಗೊಡವೆ ಇಲ್ಲ. ಬೆಂಗಳೂರಿನ ಪಾರ್ಕುಗಳಲ್ಲಿ ವಾಚ್‌ಮನ್ ಸೀಟಿಗೆ ಬೆದರಿ ಎದ್ದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ದೀಪ ಹತ್ತಿದ ಮೇಲೂ ಕೂತಿರಿ, ಅಂದಿಗೆ ಬೇರೆ ಪ್ಲಾನ್ ಬೇಡ.

ಭಾನುವಾರ: ಮಾಟುಂಗಾ, ಬಾಂದ್ರಾ

ಮೆಗಾ ಬ್ಲಾಕ್ ಶುರುವಾಗುವ ಮುಂಚೆ, ಎಂಟರೊಳಗೆ ಸಿಎಸ್‌ಎಂಟಿಯಿಂದ ಸ್ಲೋ ಲೋಕಲ್ ಹತ್ತಿ ಮಾಟುಂಗಾದಲ್ಲಿ ಇಳಿಯಿರಿ. ಫಾಸ್ಟ್ ಹತ್ತಿದರೆ ಮಾಟುಂಗಾ ಕಿಟಕಿಯಲ್ಲಿ ಮಾತ್ರ ಕಾಣುತ್ತದೆ. ಲೋಕಲ್‌ನಲ್ಲಿ ಹೆಂಗಸರ ಡಬ್ಬಿ ಬೇರೆ. ಒಟ್ಟಿಗೆ ಹೋಗುವುದಾದರೆ ಇಬ್ಬರೂ ಜನರಲ್ ಡಬ್ಬಿಗೇ ಹತ್ತಿ, ಬೇರೆ ಬೇರೆ ಹತ್ತಿದರೆ ಇಳಿದ ಮೇಲೆ ಪ್ಲಾಟ್‌ಫಾರ್ಮಿನ ಯಾವ ಇಂಡಿಕೇಟರ್ ಬೋರ್ಡಿನ ಕೆಳಗೆ ನಿಲ್ಲುವುದು ಅಂತ ಮುಂಚೆಯೇ ಮಾತಾಡಿಕೊಳ್ಳಿ. ಫಸ್ಟ್ ಕ್ಲಾಸ್ ಡಬ್ಬಿಗೆ ಗೊತ್ತಿಲ್ಲದೆ ನುಗ್ಗಿದರೆ ದಂಡ. ವಾರದ ದಿನವಾದರೆ ಬೆಳಿಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದರಿಂದ ಎಂಟು, ಈ ಹೊತ್ತಿನಲ್ಲಿ ಲೋಕಲ್ ಕಡೆ ತಲೆ ಹಾಕಬೇಡಿ.

ಮಾಟುಂಗಾದಲ್ಲಿ ತಿಂಡಿ. ಕೆಫೆ ಮದ್ರಾಸ್ 1940ರದ್ದು, ಹೆಸರು ಮದ್ರಾಸ್ ಆದರೂ ಶುರು ಮಾಡಿದವರು ಕಾಮತರು. ಭಾನುವಾರ ಕ್ಯೂ ಉದ್ದ ಇರುತ್ತದೆ. ಕ್ಯೂ ಬೇಡ ಅಂದರೆ ರಾಮ ಆಶ್ರಯಕ್ಕೆ ಹೋಗಿ, ಅಲ್ಲೂ ಇರುತ್ತದೆ, ಸ್ವಲ್ಪ ಬೇಗ ಸರಿಯುತ್ತದೆ. ಮುಂಬೈಗೆ ಹೋಗಿ ಇಡ್ಲಿ ತಿನ್ನುವುದಾ ಅಂತ ಮೂಗು ಮುರಿಯಬೇಡಿ. ಉಡುಪಿ ಹೋಟೆಲ್ ಕೂಡ ಮುಂಬೈ ತಿಂಡಿಯೇ ಅನ್ನುವಷ್ಟು ಬೇರು ಬಿಟ್ಟಿದೆ. ಕನ್ನಡದಲ್ಲಿ ಕಾಫಿ ಕೇಳಿ ನೋಡಿ, ಕೌಂಟರ್‌ನಿಂದ ಕನ್ನಡದಲ್ಲೋ ತುಳುವಿನಲ್ಲೋ ಉತ್ತರ ಬಂದರೂ ಬಂದೀತು. ಮಧ್ಯಾಹ್ನದವರೆಗೆ ಅಲ್ಲೇ ಇದ್ದರೆ ಸ್ಟೇಷನ್ ಹತ್ತಿರವೇ, 1942ರಿಂದ ನಡೆಯುತ್ತಿರುವ ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಎಲೆ ಊಟ.

ಅಲ್ಲಿಂದ ಬಾಂದ್ರಾಕ್ಕೆ ಕಪ್ಪು ಹಳದಿ ಟ್ಯಾಕ್ಸಿ. ಮೀಟರ್ ಹಾಕುತ್ತಾರೆ, ಶುರು 31 ರೂಪಾಯಿ. ಆಟೋ ಬಾಂದ್ರಾದಿಂದ ಮೇಲಕ್ಕೆ ಮಾತ್ರ, ದಕ್ಷಿಣಕ್ಕೆ ಬಿಡುವುದಿಲ್ಲ. ಹಾಗಾಗಿ ಕೊಲಾಬಾದಲ್ಲಿ ನಿಂತು ಆಟೋಗೆ ಕೈ ಮಾಡಿದರೆ ಸುಮ್ನೆ ಕೈ ನೋವು. ಬಾಂದ್ರಾದಲ್ಲಿ ಮೌಂಟ್ ಮೇರಿ ಚರ್ಚು, ರಣ್ವಾರ್‌ನ ಹಳೆಯ ಮನೆಗಳ ಓಣಿ, ಸಂಜೆಗೆ ಪೋರ್ಚುಗೀಸರ ಕೋಟೆ. ಬ್ಯಾಂಡ್‌ಸ್ಟ್ಯಾಂಡ್ ಬಂಡೆಗಳ ಮೇಲೆ ಜೋಡಿಗಳು ತೀರಾ ಒಳಗೆ ಹೋಗಿ ಕೂರುತ್ತಾರೆ. ಭರತ ಏರುವಾಗ ನೀರು ಹಿಂದಿನಿಂದ ಸುತ್ತಿಕೊಂಡು ಬಂದು ದಡದ ದಾರಿ ಮುಚ್ಚುತ್ತದೆ, ಜನ ಕೊಚ್ಚಿಹೋದದ್ದೂ ಉಂಟು. ದಂಡೆಯ ಬೆಂಚೇ ಸಾಕು.

ದುಡ್ಡು ಉಳಿಸುವವರು ಕೂಡ ವಾಪಸ್ ಬರುವಾಗ ಒಂದು ಟ್ಯಾಕ್ಸಿಗೆ ಕೈ ಬಿಚ್ಚಿ. ರಾತ್ರಿ ಒಂಬತ್ತರ ಮೇಲೆ, ಬಾಂದ್ರಾ ವರ್ಲಿ ಸೀ ಲಿಂಕ್ ಹತ್ತಿ, ಅಲ್ಲಿಂದ ಕೋಸ್ಟಲ್ ರೋಡ್ ಹಿಡಿದು ಮರೀನ್ ಡ್ರೈವ್‌ಗೆ. ಹತ್ತುವ ಮುಂಚೆಯೇ "ಸೀ ಲಿಂಕ್ ಸೇ" ಅಂತ ಹೇಳಿ, ಟೋಲ್ ನಿಮ್ಮದೇ. ಟ್ರಾಫಿಕ್ ಇಲ್ಲದಿದ್ದರೆ ಅರ್ಧ ಗಂಟೆಯೊಳಗಿನ ದಾರಿ.

ಊಟ, ಚಿಲ್ಲರೆ ವಿಷಯ

ಮೀನು ತಿನ್ನುವವರಿಗೆ ಫೋರ್ಟ್‌ನಲ್ಲಿ ಮಹೇಶ್ ಲಂಚ್ ಹೋಮ್, ಅಪೂರ್ವ ಇವೆ, ಎರಡೂ ಮಂಗಳೂರು ಅಡುಗೆ, ಗಸಿ ಜೊತೆ ನೀರುದೋಸೆ. ಇರಾನಿ ಹೋಟೆಲ್ ಒಂದಾದರೂ ನೋಡಲೇಬೇಕು. ಮರೀನ್ ಲೈನ್ಸ್ ಹತ್ತಿರದ ಕಯಾನಿ 1904ರದ್ದು. ಬನ್ ಮಸ್ಕಾ ಹೇಳಿ, ಬೆಣ್ಣೆ ಸವರಿದ ಬನ್ನನ್ನು ಸಿಹಿ ಚಹಾದಲ್ಲಿ ಅದ್ದಿ, ಮುರಿದು ಬೀಳುವ ಮುಂಚೆ ಬಾಯಿಗೆ ಹಾಕಿಕೊಳ್ಳಿ. ಗಿರ್‌ಗಾಂವ್ ಚೌಪಾಟಿಯಲ್ಲಿ ಭೇಲ್ ತಿನ್ನಿ, ನೀರಿಗೆ ಮಾತ್ರ ಇಳಿಯಬೇಡಿ, ಈಜುವ ನೀರಲ್ಲ ಅದು.

ಸೋಮವಾರ ಹೊರಡುವಾಗ: ಬೆಳಗಿನ ಜಾವದ ವಿಮಾನವಾದರೆ ಮೆಟ್ರೋ ಶುರುವಾಗಿರುವುದಿಲ್ಲ, ರಾತ್ರಿಯೇ ಟ್ಯಾಕ್ಸಿ ಹೇಳಿಡಿ. ಮಧ್ಯಾಹ್ನದ್ದಾದರೆ ಹೋಟೆಲ್ ಕೌಂಟರ್‌ನಲ್ಲಿ ಬ್ಯಾಗು ಬಿಟ್ಟು, ಹಟದ ಪಟ್ಟಿಯಲ್ಲಿ ಉಳಿದದ್ದೇನಾದರೂ ಇದ್ದರೆ ಮುಗಿಸಿ. ಕಾಸ್‌ವೇಯಲ್ಲಿ ಹೇಳಿದ ರೇಟಿನ ಅರ್ಧದಿಂದ ಚೌಕಾಸಿ ಶುರು ಮಾಡಿ, ಒಪ್ಪದಿದ್ದರೆ ನಾಲ್ಕು ಹೆಜ್ಜೆ ಮುಂದೆ ನಡೆಯಿರಿ, ಕರೆಯುತ್ತಾರೆ.