ಹಳೇ ಮಿಕ್ಸಿಂಗ್ ಕನ್ಸೋಲ್ ರಿಪೇರಿ: ಮೊದಲು ಅಳೆಯಿರಿ, ಆಮೇಲೆ ಬದಲಿಸಿ

ಹಳೇ ಅನಲಾಗ್ ಕನ್ಸೋಲ್, ಅಂದರೆ ಹಲವು ಮೈಕ್‌ಗಳ ಸದ್ದನ್ನು ಬೆರೆಸುವ ಸ್ಟುಡಿಯೋ ಯಂತ್ರ, ಕೈಗೆ ಸಿಕ್ಕ ಕೂಡಲೇ ಎಲ್ಲರಿಗೂ ಬರುವ ಆಸೆ ಒಂದೇ. ಪ್ಲಗ್ ಹಾಕಿ, ಸ್ವಿಚ್ ಒತ್ತಿ, ಫೇಡರ್ (ಸದ್ದು ಏರಿಳಿಸುವ ಜಾರುಗುಂಡಿ) ಏರಿಸಿ, ಹೇಗೆ ಕೇಳುತ್ತದೆ ನೋಡೋಣ ಅಂತ. ಆ ಆಸೆಯನ್ನು ಸ್ವಲ್ಪ ದಿನ ತಡೆದುಕೊಳ್ಳಿ. ವರ್ಷಗಟ್ಟಲೆ ಮೂಲೆಯಲ್ಲಿ ಕೂತ ಯಂತ್ರಕ್ಕೆ ಏಕಾಏಕಿ ಪೂರ್ತಿ ಕರೆಂಟ್ ಕೊಟ್ಟರೆ, ಚೆನ್ನಾಗಿದ್ದ ಭಾಗಗಳೂ ಸುಟ್ಟುಹೋಗಬಹುದು.

ಇನ್ನೊಂದು ಆತುರವೂ ಇದೆ. ಇದ್ದಬದ್ದ ಕೆಪಾಸಿಟರ್‌ಗಳನ್ನೆಲ್ಲ (ಚಾರ್ಜ್ ಹಿಡಿದಿಡುವ ಬಿಡಿಭಾಗಗಳು) ಕಿತ್ತು ಹೊಸದು ಹಾಕುವುದೇ ರಿಪೇರಿ ಅಂದುಕೊಳ್ಳುವುದು. ದೊಡ್ಡ ಕನ್ಸೋಲ್‌ನಲ್ಲಿ ಇವು ಸಾವಿರಕ್ಕೂ ಜಾಸ್ತಿ ಇರಬಹುದು. ಒಂದೊಂದಕ್ಕೂ ಎರಡು ಕಾಲು. ಅಷ್ಟೂ ಕಡೆ ಬಿಸಿ ಸೋಲ್ಡರಿಂಗ್ ಐರನ್ ಇಟ್ಟರೆ ಎಲ್ಲೋ ಒಂದು ಕಡೆ ಬೋರ್ಡಿನ ತಾಮ್ರದ ಗೆರೆ ಕಿತ್ತು ಬರುತ್ತದೆ, ಇನ್ನೆಲ್ಲೋ ಒಂದು ಕೆಪಾಸಿಟರ್ ತಿರುಗುಮುರುಗಾಗಿ ಕೂರುತ್ತದೆ. ಏನು ಕೆಟ್ಟಿದೆ ಅಂತ ಗೊತ್ತಾಗುವ ತನಕ ಏನನ್ನೂ ಬದಲಿಸಬೇಡಿ. ಈ ಲೇಖನದ ಉಳಿದ ಮಾತೆಲ್ಲ ಇದರ ಸುತ್ತಲೇ ಇದೆ.

ಇಷ್ಟು ಕಷ್ಟಪಡುವುದಕ್ಕೆ ಬೆಲೆ ಇದೆಯಾ? ಖಂಡಿತ ಇದೆ. ಲಾಸ್ ಏಂಜಲೀಸ್‌ನ ಸೌಂಡ್ ಸಿಟಿ ಸ್ಟುಡಿಯೋಗೆ 1970ರ ದಶಕದಲ್ಲಿ ಬಂದ ನೀವ್ ಕಂಪನಿಯ 8028 ಕನ್ಸೋಲ್, ಆ ಸ್ಟುಡಿಯೋ ಬಾಗಿಲು ಹಾಕಿದ ಮೇಲೆ ಇನ್ನೊಂದು ಸ್ಟುಡಿಯೋಗೆ ಹೋಗಿ ಮತ್ತೆ ದುಡಿಯಿತು. ಆ ಕಾಲದ ಯಂತ್ರಗಳನ್ನು ಬಿಚ್ಚಿ ಸರಿಮಾಡಲೆಂದೇ ಕಟ್ಟಿದ್ದರು. ಒಂದೊಂದು ಚಾನಲ್ಲೂ (ಒಂದು ಮೈಕ್ ಅಥವಾ ವಾದ್ಯದ ಸದ್ದು ಹೋಗುವ ದಾರಿ) ಒಂದೊಂದು ಮಾಡ್ಯೂಲ್, ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ಬಿಡಿಭಾಗಗಳು ಕಣ್ಣಿಗೆ ಕಾಣುವಷ್ಟು ದೊಡ್ಡವು.

ಐರನ್ ಹಚ್ಚುವ ಮೊದಲು

ಮೊದಲ ಕೆಲಸ ಸರ್ಕ್ಯೂಟ್ ನಕ್ಷೆ ಹುಡುಕುವುದು. ಸರ್ವಿಸ್ ಮ್ಯಾನ್ಯುಯಲ್ ಇಲ್ಲದೆ ಸುಮ್ನೆ ಕೈ ಹಾಕಬೇಡಿ. ಒಂದೇ ಮಾಡೆಲ್‌ನಲ್ಲೂ ಬೋರ್ಡು ಹಲವು ಸಲ ಬದಲಾಗಿರುತ್ತದೆ. ಹಾಗಾಗಿ ಬೋರ್ಡಿನ ಮೇಲೆ ಅಚ್ಚಾದ ನಂಬರ್ ನೋಡಿ, ಅದಕ್ಕೆ ಹೊಂದುವ ನಕ್ಷೆಯನ್ನೇ ಹಿಡಿಯಿರಿ.

ಆಮೇಲೆ ಫೋಟೋ. ಮಾಡ್ಯೂಲ್ ಹೊರಗೆ ತೆಗೆಯುವ ಮೊದಲು ಒಂದು, ತೆಗೆದ ಮೇಲೆ ಎರಡೂ ಬದಿಯದು ಒಂದೊಂದು. ಯಾವ ರಿಬ್ಬನ್ ಕೇಬಲ್ ಎಲ್ಲಿತ್ತು, ಅದರ ಕೆಂಪು ಅಂಚು ಯಾವ ಕಡೆಗಿತ್ತು ಅನ್ನುವುದು ಫೋಟೋದಲ್ಲಿ ಕಾಣಬೇಕು. ಪ್ರತಿ ಕೇಬಲ್‌ಗೂ ಟೇಪ್ ಅಂಟಿಸಿ ಹೆಸರು ಬರೆಯಿರಿ.

ಧೂಳನ್ನು ಮೆತ್ತನೆಯ ಬ್ರಷ್ ಮತ್ತು ವ್ಯಾಕ್ಯೂಮ್ ಕ್ಲೀನರ್‌ನಿಂದ ತೆಗೆಯಿರಿ. ನಾಬ್‌ಗಳನ್ನು ಕಿತ್ತು ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ತೊಳೆಯಬಹುದು. ಪ್ಯಾನೆಲ್ ಮೇಲಿನ ಅಕ್ಷರಗಳ ಬಗ್ಗೆ ಮಾತ್ರ ಹುಷಾರು. ಆಲ್ಕೋಹಾಲ್ ತಾಗಿದರೆ ಕೆಲವು ಅಚ್ಚು ಅಳಿಸಿಹೋಗುತ್ತದೆ. ಕಾಣದ ಮೂಲೆಯಲ್ಲಿ ಮೊದಲು ಒರೆಸಿ ನೋಡಿ.

ಪವರ್ ಸಪ್ಲೈ: ಇಲ್ಲಿ ಆತುರ ಬೇಡವೇ ಬೇಡ

ಮೇನ್ಸ್ ಕರೆಂಟ್‌ನೊಂದಿಗೆ ಕೆಲಸ ಮಾಡಿ ರೂಢಿ ಇಲ್ಲದಿದ್ದರೆ ಈ ಹಂತವನ್ನು ಅನುಭವಿ ಟೆಕ್ನಿಷಿಯನ್‌ಗೆ ಬಿಡಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಪವರ್ ಸಪ್ಲೈಯನ್ನು ಕನ್ಸೋಲ್‌ನಿಂದ ಪೂರ್ತಿ ಬೇರ್ಪಡಿಸಿ. ವೋಲ್ಟೇಜ್ ಸೆಲೆಕ್ಟರ್ ನಿಮ್ಮ ಮೇನ್ಸ್‌ಗೆ ಹೊಂದುತ್ತದೆಯೇ ನೋಡಿ. ಬೇರೆ ದೇಶದಿಂದ ಬಂದ ಯಂತ್ರವಾದರೆ ಅದು 115 ವೋಲ್ಟ್‌ಗೆ ಇದ್ದರೂ ಇರಬಹುದು. ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ಚಾರ್ಜ್ ಉಳಿದಿರುತ್ತದೆ. ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡಬೇಡಿ. 1 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರನ್ನು ಎರಡು ಟರ್ಮಿನಲ್‌ಗಳ ನಡುವೆ ಸ್ವಲ್ಪ ಹೊತ್ತು ಹಿಡಿದು, ಮೀಟರ್‌ನಲ್ಲಿ ಸೊನ್ನೆ ಬಂತಾ ಅಂತ ನೋಡಿ.

ಎಲ್ಲವನ್ನೂ ಬದಲಿಸಬೇಡಿ ಅಂದೆನಲ್ಲ, ಅದಕ್ಕೆ ಇರುವ ವಿನಾಯಿತಿ ಇದೊಂದೇ. ಪವರ್ ಸಪ್ಲೈಯಲ್ಲಿರುವ ಎಲೆಕ್ಟ್ರೋಲಿಟಿಕ್ (ಒಳಗೆ ದ್ರವ ಇರುವ) ಕೆಪಾಸಿಟರ್‌ಗಳಿಗೆ ಮೂವತ್ತು ವರ್ಷ ದಾಟಿದ್ದರೆ ಅಳೆಯದೆಯೇ ಬದಲಿಸಿ. ಅವು ಜೀವನವಿಡೀ ಬಿಸಿಯಲ್ಲಿ ಬೆಂದಿರುತ್ತವೆ. ಅವುಗಳಲ್ಲಿ ಒಂದು ಶಾರ್ಟ್ ಆದರೂ ನಷ್ಟ ದೊಡ್ಡದು.

ಮೊದಲ ಸಲ ಕರೆಂಟ್ ಕೊಡುವಾಗ ಲೈವ್ ತಂತಿಗೆ ಸರಣಿಯಲ್ಲಿ 60 ಅಥವಾ 100 ವ್ಯಾಟ್‌ನ ಹಳೇ ತಂತಿಬಲ್ಬ್ ಸೇರಿಸಿ. ಎಲ್ಇಡಿ ಬಲ್ಬ್ ಇಲ್ಲಿ ಕೆಲಸಕ್ಕೆ ಬಾರದು. ಕೆಪಾಸಿಟರ್ ತುಂಬುವಾಗ ಬಲ್ಬ್ ಒಂದು ಕ್ಷಣ ಜೋರಾಗಿ ಬೆಳಗಿ ಮಂಕಾದರೆ ಸರಿ. ಹಾಗೇ ಪ್ರಜ್ವಲಿಸುತ್ತಿದ್ದರೆ ಒಳಗೆ ಶಾರ್ಟ್ ಇದೆ ಅಂತ ಅರ್ಥ, ತಕ್ಷಣ ಆಫ್ ಮಾಡಿ. ಟ್ರಾನ್ಸ್‌ಫಾರ್ಮರ್ ಇರುವ ಲೀನಿಯರ್ ಸಪ್ಲೈಗೆ ಮಾತ್ರ ಈ ಉಪಾಯ.

ಬಲ್ಬ್ ಪರೀಕ್ಷೆ ಪಾಸಾದರೆ ಅದನ್ನು ತೆಗೆದು, ರೈಲ್ ವೋಲ್ಟೇಜ್, ಅಂದರೆ ಸಪ್ಲೈ ಕನ್ಸೋಲ್‌ಗೆ ಕೊಡುವ ವೋಲ್ಟೇಜ್, ಅಳೆಯಿರಿ. ಬಹಳಷ್ಟು ಕನ್ಸೋಲ್‌ಗಳಲ್ಲಿ ಪ್ಲಸ್ ಮೈನಸ್ 15ರಿಂದ 18 ವೋಲ್ಟ್ ಇರುತ್ತದೆ. ಹಳೇ ನೀವ್‌ಗಳಲ್ಲಿ ಒಂದೇ 24 ವೋಲ್ಟ್. ಮೈಕ್ ಕೇಬಲ್‌ನಲ್ಲೇ ಮೈಕ್‌ಗೆ ಹೋಗುವ ಪವರ್, ಅಂದರೆ ಫ್ಯಾಂಟಮ್, 48 ವೋಲ್ಟ್, ಅದು 4 ವೋಲ್ಟ್ ಆಚೀಚೆ ಇದ್ದರೆ ತೊಂದರೆ ಇಲ್ಲ. ಲೋಡ್ (ಕರೆಂಟ್ ಎಳೆಯುವ ಹೊರೆ) ಇಲ್ಲದೆ ಅಳೆದ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. 15 ವೋಲ್ಟ್ ರೈಲ್‌ಗೆ 15 ಓಮ್ ರೆಸಿಸ್ಟರ್ ಹಾಕಿದರೆ 1 ಆಂಪಿಯರ್ ಎಳೆಯುತ್ತದೆ. ಅದರಲ್ಲಿ 15 ವ್ಯಾಟ್ ಶಾಖ ಹುಟ್ಟುತ್ತದೆ, ಆದ್ದರಿಂದ 50 ವ್ಯಾಟ್‌ನದನ್ನೇ ಲೋಹದ ತಗಡಿಗೆ ಬಿಗಿದು ಬಳಸಿ. ಒಂದು ಗಂಟೆ ಓಡಿಸಿದ ಮೇಲೂ ವೋಲ್ಟೇಜ್ ಅಲುಗಾಡದಿದ್ದರೆ ಮುಂದಿನ ಹಂತಕ್ಕೆ ಹೋಗಬಹುದು.

ಒಂದೊಂದೇ ಮಾಡ್ಯೂಲ್

ಎಲ್ಲ ಮಾಡ್ಯೂಲ್‌ಗಳನ್ನೂ ಹೊರಗೆ ತೆಗೆದಿಟ್ಟು, ಒಂದೊಂದೇ ಸೇರಿಸುತ್ತಾ ಬನ್ನಿ. ಪ್ರತಿ ಸಲ ಸೇರಿಸುವ ಮೊದಲು ಕರೆಂಟ್ ಆಫ್, ಸೇರಿಸಿದ ಮೇಲೆ ರೈಲ್ ಅಳತೆ. ಯಾವುದೋ ಒಂದು ಕೂತ ಕೂಡಲೇ ವೋಲ್ಟೇಜ್ ಕುಸಿದರೆ ಕಳ್ಳ ಅದರಲ್ಲೇ ಇದ್ದಾನೆ. ಸಾಮಾನ್ಯವಾಗಿ ಅದು ಹನಿಯ ಆಕಾರದ ಟ್ಯಾಂಟಲಮ್ ಕೆಪಾಸಿಟರ್. ಬೇರೆಯವು ಒಣಗಿ ಕೆಟ್ಟರೆ, ಇವು ಶಾರ್ಟ್ ಆಗಿ ಕೆಡುತ್ತವೆ. ಬದಲಿಸುವಾಗ ರೈಲ್‌ನ ಎರಡರಷ್ಟು ವೋಲ್ಟೇಜ್ ತಡೆಯುವಂಥದ್ದನ್ನು ಹಾಕಿ.

ಎಷ್ಟೋ ಕಾಯಿಲೆಗಳು ಈ ತೆಗೆದು ಹಾಕುವುದರಲ್ಲೇ ವಾಸಿಯಾಗುತ್ತವೆ. ಕನೆಕ್ಟರ್‌ಗಳ ಮೇಲೆ ಕಟ್ಟಿದ ಕಿಲುಬು ಉಜ್ಜಿ ಹೋಗುತ್ತದೆ. ಚಿನ್ನದ ಲೇಪ ಇರುವ ಅಂಚುಗಳಿಗೆ ಪೆನ್ಸಿಲ್ ರಬ್ಬರ್ ಹಾಕಿ ಉಜ್ಜುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ, ಆ ಲೇಪ ತುಂಬ ತೆಳು. ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆ ಸಾಕು.

ಕರಕರ ಅನ್ನುವ ನಾಬ್

ಎಲ್ಲರೂ ಮೊದಲು ದೂರುವುದು ಇದನ್ನೇ. ನಾಬ್ ತಿರುಗಿಸಿದರೆ ಸ್ಪೀಕರ್‌ನಲ್ಲಿ ಕರಕರ ಸದ್ದು. ಧೂಳು ಕೂತಿದೆ ಅಂತ ಪಾಟ್‌ಗೆ (ನಾಬ್ ಕೆಳಗಿನ ತಿರುಗುವ ರೆಸಿಸ್ಟರ್‌ಗೆ) ಕ್ಲೀನರ್ ಸ್ಪ್ರೇ ಹೊಡೆಯುತ್ತಾರೆ. ವಾರದಲ್ಲಿ ಸದ್ದು ವಾಪಸ್ಸು. ಮತ್ತೆ ಸ್ಪ್ರೇ. ಆದರೆ ಎಷ್ಟೋ ಸಲ ತಪ್ಪು ಪಾಟ್‌ನದೇ ಅಲ್ಲ. ಅದರ ಹಿಂದಿನ ಕೆಪಾಸಿಟರ್ ಡಿಸಿಯನ್ನು (ಒಂದೇ ದಿಕ್ಕಿಗೆ ಹರಿಯುವ ಕರೆಂಟನ್ನು) ತಡೆಯುವ ಬದಲು ಸೋರಲು ಬಿಟ್ಟಿರುತ್ತದೆ. ಪಾಟ್ ಮೇಲೆ ಡಿಸಿ ನಿಂತಿದ್ದರೆ, ಹೊಚ್ಚಹೊಸ ಪಾಟ್ ಕೂಡ ತಿರುಗಿಸುವಾಗ ಸದ್ದು ಮಾಡುತ್ತದೆ.

ಇದನ್ನು ಪತ್ತೆಮಾಡಲು ಎರಡು ನಿಮಿಷ ಸಾಕು. ಚಾನಲ್‌ಗೆ ಯಾವ ಸಿಗ್ನಲ್ಲೂ ಕೊಡಬೇಡಿ. ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟ್‌ಗೆ ಇಡಿ. ಕಪ್ಪು ಪ್ರೋಬ್ ಗ್ರೌಂಡ್‌ಗೆ. ಕೆಂಪು ಪ್ರೋಬನ್ನು ಪಾಟ್‌ನ ಮೂರು ಕಾಲುಗಳಿಗೂ ಒಂದೊಂದಾಗಿ ತಾಗಿಸಿ. ಒಂದೆರಡು ಮಿಲಿವೋಲ್ಟ್ ಬಂದರೆ ಪಾಟ್ ನಿಜವಾಗಿಯೂ ಕೊಳೆಯಾಗಿದೆ, ಸ್ವಚ್ಛ ಮಾಡಿ. ಐವತ್ತು, ನೂರು, ಇನ್ನೂರು ಅಂತ ತೋರಿಸಿದರೆ ಸ್ಪ್ರೇ ಕೆಳಗಿಡಿ. ನಕ್ಷೆಯಲ್ಲಿ ಆ ಪಾಟ್‌ನ ಹಿಂದಿನ ಕೆಪಾಸಿಟರ್ ಯಾವುದು ನೋಡಿ, ಅದನ್ನು ಬದಲಿಸಿ. ಅದರ ಬುಡದಲ್ಲಿ ಒಣಗಿದ ಕಂದು ಪೊರೆ ಇದ್ದರಂತೂ ಅನುಮಾನವೇ ಬೇಡ, ಒಳಗಿನ ದ್ರವ ಹೊರಗೆ ಬಂದಿದೆ. ಅದು ಬೋರ್ಡಿನ ತಾಮ್ರವನ್ನೂ ತಿನ್ನುತ್ತದೆ, ಆಲ್ಕೋಹಾಲ್‌ನಿಂದ ಚೆನ್ನಾಗಿ ಒರೆಸಿ.

ಫೇಡರ್‌ಗಳ ಕತೆ ಬೇರೆ. ಪೆನ್ನಿ ಅಂಡ್ ಜೈಲ್ಸ್‌ನಂಥ ಒಳ್ಳೆಯ ಫೇಡರ್‌ಗಳಲ್ಲಿ ಕಂಡಕ್ಟಿವ್ ಪ್ಲಾಸ್ಟಿಕ್‌ನ ಟ್ರ್ಯಾಕ್ ಇರುತ್ತದೆ, ಜಾರುವ ಸರಳುಗಳಿಗೆ ಗ್ರೀಸ್ ಹಚ್ಚಿರುತ್ತಾರೆ. ಮೇಲಿಂದ ಸ್ಪ್ರೇ ಹೊಡೆದರೆ ಆ ಗ್ರೀಸ್ ಕರಗಿ ಟ್ರ್ಯಾಕ್ ಮೇಲೆ ಹರಿಯುತ್ತದೆ, ಬೆರಳಿಗೆ ಸಿಗುವ ಆ ನುಣುಪು ಹೋಗಿಬಿಡುತ್ತದೆ. ಬಿಚ್ಚಿ, ನಾರು ಬಿಡದ ಬಟ್ಟೆಯಿಂದ ಹಗುರವಾಗಿ ಒರೆಸಿ, ಸರಳಿಗೆ ಮಾತ್ರ ಫೇಡರ್ ಗ್ರೀಸ್ ಸವರಿ.

ಒಂದು ಚಾನಲ್ ಮಾದರಿಗೆ

ಉಳಿದ ಕೆಪಾಸಿಟರ್‌ಗಳನ್ನು ಏನು ಮಾಡುವುದು? ಒಂದೇ ಒಂದು ಚಾನಲ್ ಆರಿಸಿಕೊಳ್ಳಿ. 1 ಕಿಲೋಹರ್ಟ್ಸ್ ಸಿಗ್ನಲ್ ಕೊಟ್ಟು ಗೇನ್ (ಸಿಗ್ನಲ್ ಎಷ್ಟು ದೊಡ್ಡದಾಯಿತು ಅನ್ನುವುದು) ಅಳೆಯಿರಿ. 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್ ತನಕ ಮಟ್ಟ ಎಲ್ಲಿ ಇಳಿಯುತ್ತದೆ ನೋಡಿ. ಮೈಕ್ ಇನ್‌ಪುಟ್‌ಗೆ 150 ಓಮ್ ರೆಸಿಸ್ಟರ್ ಹಾಕಿ ನಾಯ್ಸ್ (ಸಿಗ್ನಲ್ ಇಲ್ಲದಾಗಲೂ ಉಳಿಯುವ ಸದ್ದು) ಅಳೆಯಿರಿ. ಔಟ್‌ಪುಟ್‌ನಲ್ಲಿ ಸಿಕ್ಕ ಸಂಖ್ಯೆಯಿಂದ ಗೇನ್ ಕಳೆದರೆ ಇನ್‌ಪುಟ್ ನಾಯ್ಸ್ ಸಿಗುತ್ತದೆ. ಅದು ಮೈನಸ್ 127 ಡಿಬಿಯು (ಸಿಗ್ನಲ್ ಮಟ್ಟ ಅಳೆಯುವ ಮಾನ) ಹತ್ತಿರ ಇದ್ದರೆ ಪ್ರೀಆಂಪ್, ಅಂದರೆ ಮೈಕ್ ಸಿಗ್ನಲ್ ದೊಡ್ಡದು ಮಾಡುವ ಭಾಗ, ಆರೋಗ್ಯವಾಗಿದೆ. ರೆಸಿಸ್ಟರ್‌ನ ಸ್ವಂತ ನಾಯ್ಸೇ ಸುಮಾರು ಮೈನಸ್ 131 ಇರುವುದರಿಂದ ಅದಕ್ಕಿಂತ ಕೆಳಗೆ ಯಾರೂ ಇಳಿಯಲಾರರು.

ಈಗ ಆ ಚಾನಲ್‌ನ ಎಲೆಕ್ಟ್ರೋಲಿಟಿಕ್‌ಗಳನ್ನು ಮಾತ್ರ ಬದಲಿಸಿ ಮತ್ತೆ ಅಳೆಯಿರಿ. ವ್ಯತ್ಯಾಸ ಇದ್ದರೆ ಉಳಿದ ಚಾನಲ್‌ಗಳಿಗೂ ಅದೇ ಮಾಡಿ. ಇಲ್ಲದಿದ್ದರೆ ಸೋರುವವನ್ನು ಮಾತ್ರ ಬದಲಿಸಿದರೆ ಸಾಕು. ಕಿವಿ ಒಂದನ್ನೇ ನೆಚ್ಚಬೇಡಿ ಅನ್ನಲು ಕಾರಣ ಇದೆ. 10 ಕಿಲೋ ಓಮ್‌ನ ಮುಂದೆ ಕೂತ 47 ಮೈಕ್ರೋಫ್ಯಾರಡ್ ಕೆಪಾಸಿಟರ್ 0.3 ಹರ್ಟ್ಸ್ ತನಕ ಬೇಸ್ ಬಿಡುತ್ತದೆ. ಅದು ಒಣಗಿ ಬರೀ 1 ಮೈಕ್ರೋಫ್ಯಾರಡ್‌ಗೆ ಇಳಿದರೂ ಕಡಿತ ಶುರುವಾಗುವುದು 16 ಹರ್ಟ್ಸ್ ಹತ್ತಿರ. ಅಂದರೆ ಬಹುಪಾಲು ಸತ್ತ ಕೆಪಾಸಿಟರ್ ಕೂಡ ಕಿವಿಗೆ ಗೊತ್ತಾಗುವುದಿಲ್ಲ.

ಕೀಳುವಾಗ ಎಳೆದಾಡಬೇಡಿ. ಹಳೆಯದನ್ನು ಕಟರ್‌ನಿಂದ ಕತ್ತರಿಸಿ, ಉಳಿದ ಕಾಲುಗಳನ್ನು ಒಂದೊಂದಾಗಿ ಬಿಸಿ ಮಾಡಿ ತೆಗೆಯಿರಿ. 63/37 ಸೀಸದ ಸೋಲ್ಡರ್ 183 ಡಿಗ್ರಿಗೇ ಕರಗುತ್ತದೆ. ಐರನ್ 350 ಡಿಗ್ರಿಯಲ್ಲಿ ಎರಡು ಮೂರು ಸೆಕೆಂಡ್ ತಾಗಿದರೆ ಸಾಕು. ಹೊಸದು 105 ಡಿಗ್ರಿ ತಡೆಯುವಂಥದ್ದಿರಲಿ. ಪ್ಲಸ್ ಮೈನಸ್ಸನ್ನು ಬೋರ್ಡಿನ ಅಚ್ಚಿನ ಜೊತೆಗೆ ನಿಮ್ಮ ಫೋಟೋ ಮತ್ತು ನಕ್ಷೆಯಲ್ಲೂ ಹೊಂದಿಸಿ ನೋಡಿ.

ಹಾಗೇ ಐಸಿ ಚಿಪ್ಪನ್ನೂ ಒಳ್ಳೆಯದಕ್ಕೆ ಬದಲಿಸಿಬಿಡೋಣ ಅನ್ನಿಸುತ್ತದೆ ಅಲ್ವಾ? ಟಿಎಲ್072 ತೆಗೆದು ಎನ್ಇ5532 ಹಾಕುವುದು ತುಂಬ ಜನ ಮಾಡುವ ಕೆಲಸ. ಮೊದಲನೆಯದು ಸುಮಾರು 3 ಮಿಲಿಆಂಪಿಯರ್ ಎಳೆದರೆ ಎರಡನೆಯದು 8 ಎಳೆಯುತ್ತದೆ. ಚಾನಲ್‌ಗೆ ಆರರಂತೆ 32 ಚಾನಲ್ ಅಂದರೆ ಹೆಚ್ಚುಕಮ್ಮಿ 1 ಆಂಪಿಯರ್ ಹೆಚ್ಚುವರಿ ಹೊರೆ, ಅದೂ ಹಳೇ ಪವರ್ ಸಪ್ಲೈ ಮೇಲೆ. ಜೊತೆಗೆ 5532ರ ಇನ್‌ಪುಟ್ ಕರೆಂಟ್ ಜಾಸ್ತಿ. ಅದರಿಂದ ಪಾಟ್ ಮೇಲೆ ಡಿಸಿ ಹುಟ್ಟಿ, ಓಡಿಸಿದ ಕರಕರ ಸದ್ದು ಇನ್ನೊಂದು ಬಾಗಿಲಿಂದ ಒಳಗೆ ಬರುತ್ತದೆ. ಕೆಟ್ಟ ಐಸಿಗೆ ಅದೇ ನಂಬರ್‌ನ ಐಸಿ ಹಾಕಿ.

ಹಮ್ ಮತ್ತು ಗ್ರೌಂಡ್

ಗುಂಯ್ ಅನ್ನುವ ಸದ್ದು ಬಂದರೆ ಅದರ ಫ್ರೀಕ್ವೆನ್ಸಿ ನೋಡಿ. 50 ಹರ್ಟ್ಸ್ ಮೇನ್ಸ್ ಇರುವಲ್ಲಿ, 100 ಹರ್ಟ್ಸ್‌ನ ಒರಟು ಸದ್ದಾದರೆ ಪವರ್ ಸಪ್ಲೈ ಫಿಲ್ಟರ್ ಕಡೆ ನೋಡಿ. 50 ಹರ್ಟ್ಸ್‌ನ ಮೆತ್ತನೆ ಗುಂಯ್ ಆದರೆ ಗ್ರೌಂಡ್ ಲೂಪ್ (ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಆದ ಸುತ್ತು) ಅಥವಾ ಹತ್ತಿರದ ಟ್ರಾನ್ಸ್‌ಫಾರ್ಮರ್. ಲೂಪ್ ಮುರಿಯಲು ಬ್ಯಾಲೆನ್ಸ್ಡ್ ಕೇಬಲ್‌ನ (ಸಿಗ್ನಲ್‌ಗೆ ಎರಡು ತಂತಿ ಇರುವ ಕೇಬಲ್) ಶೀಲ್ಡನ್ನು, ಅಂದರೆ ಸುತ್ತಲಿನ ಲೋಹದ ಜಾಲರಿಯನ್ನು, ಒಂದು ತುದಿಯಲ್ಲಿ ಬಿಡಿಸಬಹುದು, ಆ ಕೇಬಲ್‌ನಲ್ಲಿ ಫ್ಯಾಂಟಮ್ ಹೋಗದಿದ್ದರೆ ಮಾತ್ರ. ಮೇನ್ಸ್ ಪ್ಲಗ್‌ನ ಅರ್ಥ್ ಪಿನ್ ಮಾತ್ರ ಯಾವತ್ತೂ ಕೀಳಬೇಡಿ. ಅದು ಜೀವದ ಪ್ರಶ್ನೆ.

ಎಲ್ಲ ಸೇರಿಸಿದ ಮೇಲೆ ಎರಡು ಹಗಲು ಎರಡು ರಾತ್ರಿ ಓಡಲು ಬಿಡಿ, ಹತ್ತಿರದಲ್ಲಿ ಯಾರಾದರೂ ಇರಲಿ. ಹೊಸ ಭಾಗಗಳಲ್ಲಿ ದೋಷ ಇದ್ದರೆ ಬಹುಪಾಲು ಆಗಲೇ ಹೊರಬೀಳುತ್ತದೆ. ಆಮೇಲೆ ರೈಲ್ ವೋಲ್ಟೇಜ್ ಮತ್ತೆ ಅಳೆದು, ಔಟ್‌ಪುಟ್‌ನಲ್ಲಿ 1.228 ವೋಲ್ಟ್, ಅಂದರೆ ಪ್ಲಸ್ 4 ಡಿಬಿಯು ಬರುವಾಗ ವಿಯು ಮೀಟರ್ (ಸದ್ದಿನ ಮಟ್ಟ ತೋರಿಸುವ ಮೀಟರ್) ಸೊನ್ನೆ ತೋರಿಸುವಂತೆ ಹೊಂದಿಸಿ. ಪ್ರತಿ ಚಾನಲ್‌ನ ಸಂಖ್ಯೆಗಳನ್ನೂ ಒಂದು ಪುಸ್ತಕದಲ್ಲಿ ಬರೆದು ಕನ್ಸೋಲ್ ಜೊತೆಗೇ ಇಡಿ. ಮುಂದೆ ರಿಪೇರಿಗೆ ಕೂರುವವರಿಗೆ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.

ಕೆಪಾಸಿಟರ್ ಸುತ್ತಲಿನ ಶಾಖ 10 ಡಿಗ್ರಿ ಏರಿದರೆ ಅದರ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ರ‍್ಯಾಕ್‌ನಲ್ಲಿ ಪವರ್ ಸಪ್ಲೈಯ ಮೇಲೂ ಕೆಳಗೂ ಗಾಳಿಗೆ ಜಾಗ ಬಿಡಿ. ಫ್ಯಾನ್ ಇದ್ದರೆ ಆರು ತಿಂಗಳಿಗೊಮ್ಮೆ ಧೂಳು ತೆಗೆಯಿರಿ.