ಡೀಕನ್ ಆದ ಮೊದಲ ವರ್ಷ: ಹೊಸಬರಿಗೆ ನಾನು ಹೇಳುವುದು

ವರ್ಷಕ್ಕೆ ಒಬ್ಬರೋ ಇಬ್ಬರೋ ನಮ್ಮ ಮನೆಗೆ ಬಂದು ಕೂರುತ್ತಾರೆ. ಥಿಯಾಲಜಿ ಮುಗಿಸಿ ಡೀಕನ್ ಆಗಲಿರುವ, ಅಂದರೆ ಪಾಸ್ಟರ್ ಕೆಲಸದ ಮೊದಲ ಮೆಟ್ಟಿಲು ಹತ್ತಲಿರುವ ಹುಡುಗರು, ಈಚೆಗೆ ಹುಡುಗಿಯರೂ. "ಅಕ್ಕಾರ, ದೀಕ್ಷೆ ಆದಮ್ಯಾಲ ಮೊದಲ ಏನ್ ಮಾಡಬೇಕ್ರಿ?" ಅಂತ ಕೇಳುತ್ತಾರೆ. ಕೈಯಲ್ಲಿ ಪ್ರಸಂಗದ (ಚರ್ಚಿನ ಉಪದೇಶದ) ನೋಟ್ಸ್ ಇರುತ್ತದೆ, ತಿದ್ದಿಕೊಡಲಿ ಅಂತ. ನಾನು ನೋಟ್ಸ್ ಪಕ್ಕಕ್ಕಿಟ್ಟು ಬೇರೆ ಕೇಳುತ್ತೇನೆ. ಇಲ್ಲಿವರೆಗೆ ಎಷ್ಟು ಮಣ್ಣಿಗೆ ಹೋಗಿದ್ದೀರಿ? ಕುಣಿ ತೋಡುವವರ ಫೋನ್ ನಂಬರ್ ಇದೆಯಾ?

ನಾನು ಬೆಟಗೇರಿ ನೇಕಾರರ ಮನೆಯವಳು. ಗದಗ, ಹಾವೇರಿ, ಹುಬ್ಬಳ್ಳಿ ಕಡೆ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಇಪ್ಪತ್ತಾರು ವರ್ಷ ಸಭಾಪಾಲಕಿ, ಅಂದರೆ ಪಾಸ್ಟರ್, ಆಗಿದ್ದೇನೆ. ತಪ್ಪು ಬೇಕಾದಷ್ಟು ಮಾಡಿದ್ದೇನೆ. ಅದರಿಂದ ಕಲಿತಿದ್ದನ್ನಷ್ಟೇ ಹೇಳುತ್ತೇನೆ.

ದಾರಿ ಹೇಗೆ ಅನ್ನೋದನ್ನು ಬೇಗ ಹೇಳಿ ಮುಗಿಸುತ್ತೇನೆ. ಮೊದಲು ನಿಮ್ಮ ಸ್ವಂತ ಸಭೆಯ ಕಮಿಟಿ ನಿಮ್ಮನ್ನು ಶಿಫಾರಸು ಮಾಡಬೇಕು. ಆಮೇಲೆ ಸಭಾಪ್ರಾಂತದ, ಅಂದರೆ ಒಬ್ಬ ಬಿಷಪ್ಪರ ಕೈಕೆಳಗಿನ ಸಭೆಗಳ ವಲಯದ, ಸಂದರ್ಶನ. ನಮ್ಮ ಕರ್ನಾಟಕ ಉತ್ತರ ಸಭಾಪ್ರಾಂತದ ಬಿಷಪ್ ಕಚೇರಿ ಧಾರವಾಡದಲ್ಲಿದೆ. ಒಪ್ಪಿದರೆ ಬಿ.ಡಿ., ಅಂದರೆ ಥಿಯಾಲಜಿ ಪದವಿಯ, ಓದು. ನಮ್ಮ ಕಡೆಯವರು ಜಾಸ್ತಿ ಹೋಗುವುದು ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿಗೆ. ಕೆಲವರು ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿಗೆ ಹೋಗುತ್ತಾರೆ. ಎರಡೂ ಕಡೆ ಪದವಿ ಕೊಡುವುದು ಪಶ್ಚಿಮ ಬಂಗಾಳದ ಸೆರಾಂಪುರ ಕಾಲೇಜಿನ ಸೆನೆಟ್. ಓದಿ ಬಂದಮೇಲೆ ಹಿರಿಯ ಪಾಸ್ಟರ್ ಒಬ್ಬರ ಕೈಕೆಳಗೆ ಸ್ವಲ್ಪ ಕಾಲ ಕೆಲಸ. ಆಮೇಲೆ ಡೀಕನ್, ಅದಾದಮೇಲೆ ಪ್ರೆಸ್ಬಿಟರ್, ಅಂದರೆ ಪೂರ್ಣ ಅಧಿಕಾರದ ಪಾಸ್ಟರ್. ಡೀಕನ್ ದೀಕ್ಷೆಯಲ್ಲಿ ಬಿಷಪ್ ಒಬ್ಬರೇ ತಲೆ ಮೇಲೆ ಕೈ ಇಡುತ್ತಾರೆ. ಪ್ರೆಸ್ಬಿಟರ್ ಆಗುವಾಗ ಸುತ್ತ ನಿಂತ ಪ್ರೆಸ್ಬಿಟರುಗಳೂ ಇಡುತ್ತಾರೆ. ಅಷ್ಟೂ ಕೈಗಳ ಭಾರಕ್ಕೆ ನನ್ನ ಕುತ್ತಿಗೆ ನೋವು ಬಂದಿತ್ತು, ಸುಳ್ಳಲ್ಲ.

ಹೆಣ್ಣುಮಕ್ಕಳಿಗೆ ಒಂದು ಮಾತು. ಸಿಎಸ್‌ಐನಲ್ಲಿ ಮಹಿಳೆಯೊಬ್ಬರಿಗೆ ಮೊದಲು ದೀಕ್ಷೆ ಆಗಿದ್ದು 1976ರಲ್ಲಿ. 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ಪುಷ್ಪ ಲಲಿತಾ ಬಿಷಪ್ ಆದರು. ಆದರೂ ನಿಮ್ಮ ಮನೆಬಾಗಿಲಿಗೆ ಬಂದವರು ನಿಮ್ಮ ಹಿಂದೆ ಇಣುಕಿ, "ಪಾಸ್ಟರ್ ಸಾಹೇಬ್ರು ಇಲ್ಲೇನ್ರಿ?" ಅಂತ ಕೇಳುತ್ತಾರೆ. ಸಿಟ್ಟು ಬೇಡ. ನನ್ನ ಗಂಡ ಹೈಸ್ಕೂಲ್ ಮಾಸ್ತರು. ಅವರು ಒಳಗಿಂದಲೇ, "ಪಾಸ್ಟರ್ ಬಾಗಿಲದಾಗ ನಿಂತಾರ ನೋಡ್ರಿ" ಅನ್ನುತ್ತಿದ್ದರು.

ಇನ್ನು ಮೊದಲ ವಾರ. ಬೀರುವಿನ ಬೀಗದ ಕೈ ಇಸಿದುಕೊಂಡು ರಿಜಿಸ್ಟರುಗಳನ್ನು ಹೊರಗೆ ತೆಗೆಯಿರಿ. ದೀಕ್ಷಾಸ್ನಾನ, ಮದುವೆ, ಸಮಾಧಿ, ಹೀಗೆ ಮೂರು ಇರುತ್ತವೆ. ಎಷ್ಟಿವೆ, ಯಾವ ಇಸವಿಯಿಂದ ಯಾವ ಇಸವಿವರೆಗೆ ಅಂತ ಬರೆದು, ಹಳೆಯ ಪಾಸ್ಟರ್ ಮತ್ತು ಖಜಾಂಚಿ ಇಬ್ಬರ ಸಹಿ ತಗೊಳ್ಳಿ. ನಾನು ಮೊದಲ ಸಲ ಇದನ್ನು ಮಾಡಲಿಲ್ಲ, ಸಂಕೋಚ. ಎರಡು ವರ್ಷದ ಮೇಲೆ ಒಬ್ಬ ಅಜ್ಜಿ ಪಿಂಚಣಿಗೆ ಮದುವೆ ಸರ್ಟಿಫಿಕೇಟ್ ಬೇಕು ಅಂತ ಬಂದರು. ಆ ಪುಟ ಇರಬೇಕಾದ ಪುಸ್ತಕವೇ ಇಲ್ಲ. ಹುಡುಕಿದರೆ ಹಾರ್ಮೋನಿಯಂ ಪೆಟ್ಟಿಗೆಯ ಕೆಳಗೆ, ಮಳೆನೀರು ಕುಡಿದು ಉಬ್ಬಿ ಕೂತಿತ್ತು.

ರಾತ್ರಿ ಸಮಾಧಿ ರಿಜಿಸ್ಟರ್ ಓದಿ. ಯಾವ ಮನೆಯಲ್ಲಿ ಯಾರು ಯಾವ ತಿಂಗಳು ತೀರಿಕೊಂಡರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಆ ತಿಂಗಳು ಆ ಮನೆಗೆ ಹೋಗಿ. ನನಗೆ ಇದು ಎಷ್ಟು ಬಾಗಿಲು ತೆರೆದಿದೆ ಅಂದರೆ, ಯಾವ ಪ್ರಸಂಗವೂ ಅಷ್ಟು ತೆರೆದಿಲ್ಲ.

ಮನೆ ಭೇಟಿಗೂ ಒಂದು ರೀತಿ ಇದೆ. ಮಗ್ಗದವರ ಮನೆಗೆ ಬೆಳಗ್ಗೆ ಹೋಗಬೇಡಿ. ನೀವು ಕೂತಷ್ಟು ಹೊತ್ತು ಮಗ್ಗ ನಿಲ್ಲುತ್ತದೆ, ಕೂಲಿ ಹೋಗುತ್ತದೆ. ನಮ್ಮಪ್ಪ ಪಾಸ್ಟರ್ ಬಂದರೆ ನಗುತ್ತಲೇ ಎದ್ದು ಬರುತ್ತಿದ್ದ, ಅವರು ಹೋದಮೇಲೆ ಅವ್ವನ ಹತ್ತಿರ ಲೆಕ್ಕ ಹೇಳುತ್ತಿದ್ದ. ಸಂಜೆ ಹೋಗಿ. ದಿನಕ್ಕೆ ನಾಲ್ಕು ಮನೆ ಸಾಕು. ಎಲ್ಲ ಕಡೆ ಚಹಾ ಬರುತ್ತದೆ. ಬೇಡ ಅಂದರೆ ಬೇಜಾರಾಗುತ್ತಾರೆ, ಅದಕ್ಕೇ "ಅರ್ಧ ಕಪ್ ಸಾಕ್ರಿ" ಅನ್ನಿ. ಯಾವ ಮನೆಯಲ್ಲಿ ಚಹಾ ಬೇಡ ಅಂದಿರಿ, ಯಾವ ಮನೆಯಲ್ಲಿ ಗಿರ್ಮಿಟ್ ತಿಂದಿರಿ ಅನ್ನೋದು ನೀವು ಬಸ್ ಹತ್ತುವ ಮೊದಲೇ ಓಣಿ ತುಂಬ ಗೊತ್ತಾಗಿರುತ್ತದೆ. ಫೋನ್ ಚೀಲದಲ್ಲೇ ಇರಲಿ. ಹೊರಡುವಾಗ ಬೈಬಲಿನ ಒಂದು ಕೀರ್ತನೆ ಓದಿ, ಪ್ರಾರ್ಥನೆ ಎರಡು ನಿಮಿಷದಲ್ಲಿ ಮುಗಿಸಿ. ಒಂದು ಮನೆಯ ಮಾತು ಇನ್ನೊಂದು ಮನೆಗೆ ಹೋಗಬಾರದು. ಇದು ಹೇಳಬೇಕಾದ ಮಾತೇ ಅಲ್ಲ, ಆದರೆ ಇದರಲ್ಲೇ ಜಾಸ್ತಿ ಜನ ಎಡವುವುದು.

ಹಾಸಿಗೆ ಹಿಡಿದವರಿಗೆ ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ಬೇಕಾಗಿರುತ್ತದೆ. ಅದನ್ನು ನಡೆಸುವ ಅಧಿಕಾರ ಡೀಕನ್‌ಗೆ ಇಲ್ಲ. ಹಿರಿಯ ಪ್ರೆಸ್ಬಿಟರ್‌ಗೆ ಹೇಳಿ ಅವರನ್ನು ಕರೆದುಕೊಂಡು ಹೋಗಿ. ರೊಟ್ಟಿ ಹಿಡಿದ ಅವರ ಕೈ ನಡುಗಿದರೆ ಬಟ್ಟಲು ಹಿಡಿಯುವುದು ನಿಮ್ಮ ಕೆಲಸ.

ಈಗ ಸಾವಿನ ಮನೆ. ಫೋನ್ ಸಾಮಾನ್ಯವಾಗಿ ರಾತ್ರಿಯೇ ಬರುತ್ತದೆ. ಫೋನಿನಲ್ಲೇ ಮಣ್ಣಿನ ಹೊತ್ತು ಹೇಳಬೇಡಿ. ಮೊದಲು ಹೋಗಿ ಸುಮ್ನೆ ಕೂಡಿ. ಮುಂಬೈಯಿಂದ ಮಗ ಬರಬೇಕೋ, ಬೆಳಗಾವಿಯಿಂದ ಮಗಳು ಬರಬೇಕೋ ಅನ್ನೋದು ಅಳು ಒಂದು ಹದಕ್ಕೆ ಬಂದಮೇಲೇ ಗೊತ್ತಾಗುವುದು. ಆದರೆ ಕುಣಿಯ ಕೆಲಸ ಮಾತ್ರ ತಡ ಮಾಡಬೇಡಿ. ನಮ್ಮದು ಎರೆಮಣ್ಣು. ಬೇಸಿಗೆಯಲ್ಲಿ ಕಲ್ಲಿನ ಹಾಗೆ ಬಿಗಿಯುತ್ತದೆ, ಗುದ್ದಲಿ ಕುಣಿಯುತ್ತದೆ. ಮಳೆಗಾಲದಲ್ಲಿ ತೋಡಿದಷ್ಟೂ ಕುಸಿಯುತ್ತದೆ. ನನ್ನ ಎರಡನೇ ವರ್ಷ, ಜುಲೈ ತಿಂಗಳು. ಪೆಟ್ಟಿಗೆ ಇಳಿಸುವ ಹೊತ್ತಿಗೆ ಒಂದು ಬದಿ ಕುಸಿದು, ಹಗ್ಗ ಹಿಡಿದ ಹುಡುಗನ ಕಾಲು ಮೊಣಕಾಲ ತನಕ ಹೂತಿತು. "ಮಣ್ಣಿಗೆ ಮಣ್ಣು" ಅಂತ ಓದುತ್ತಿದ್ದವಳು ಪುಸ್ತಕ ಬಿಟ್ಟು ಅವನ ತೋಳು ಹಿಡಿದು ಎಳೆದೆ. ಅವತ್ತಿನಿಂದ ಮಳೆಗಾಲದಲ್ಲಿ ಎರಡು ಹಲಗೆ ಇಡಿಸುತ್ತೇನೆ. ಪೆಟ್ಟಿಗೆಯ ಅಳತೆಯನ್ನು ಬಡಿಗನಿಂದ ಕೇಳಿ, ಕುಣಿ ತೋಡುವವರಿಗೆ ನಾನೇ ಹೇಳುತ್ತೇನೆ.

ಓಣಿಯ ಲಿಂಗಾಯತರು, ಮುಸಲ್ಮಾನರು ಎಲ್ಲರೂ ಮಣ್ಣಿಗೆ ಬರುತ್ತಾರೆ. ಅವರಲ್ಲೂ ಹೂಳುವುದೇ ಪದ್ಧತಿ, ಹಾಗಾಗಿ ಹಿಡಿ ಮಣ್ಣು ಹಾಕುವುದನ್ನು ಯಾರೂ ಅವರಿಗೆ ಕಲಿಸಬೇಕಾಗಿಲ್ಲ. ಸಭೆಯವರು ಹಾಕಿದಮೇಲೆ "ಬರ್ರಿ, ನೀವೂ ಹಾಕ್ರಿ" ಅಂತ ನೀವೇ ಕರೆಯಿರಿ. ಜನ ಸೇರಿದ್ದಾರೆ ಅಂತ ಅಲ್ಲಿ ಉದ್ದ ಪ್ರಸಂಗ ಶುರು ಮಾಡಬೇಡಿ. ಮೂರನೇ ದಿನ ಮತ್ತೆ ಹೋಗಿ, ನೆಂಟರೆಲ್ಲ ಊರಿಗೆ ಹೋಗಿರುತ್ತಾರೆ.

ಮದುವೆಯಲ್ಲಿ ಗಡಿಯಾರ ನೋಡುವುದು ಕಲಿಯಿರಿ. 1872ರ ಕ್ರೈಸ್ತ ವಿವಾಹ ಕಾಯ್ದೆ ಪ್ರಕಾರ ಮದುವೆ ಬೆಳಗ್ಗೆ 6ರಿಂದ ಸಂಜೆ 7ರ ಒಳಗೆ ನಡೆಯಬೇಕು, ಎದುರಿಗೆ ಕಡಿಮೆ ಅಂದರೆ ಇಬ್ಬರು ಸಾಕ್ಷಿಗಳು ಇರಬೇಕು. ಬೇಕಂತಲೇ ಇದನ್ನು ಮೀರಿದ ಪಾಸ್ಟರ್‌ಗೆ 3 ವರ್ಷದವರೆಗೆ ಜೈಲು ಮತ್ತು ದಂಡ ಇದೆ. ಹಾವೇರಿ ಕಡೆ ಒಂದು ಮೆರವಣಿಗೆ, ಬ್ಯಾಂಡಿನವರು ಓಣಿಗೊಂದು ಹಾಡು ಬಾರಿಸುತ್ತ ಬಂದು ಚರ್ಚಿನ ಗೇಟು ಮುಟ್ಟಿದಾಗ ಆರೂವರೆ. ಮದುಮಗನ ಮಾವ ಇನ್ನೊಂದು ಹಾಡು ಆಗಲಿ ಅಂದರು. "ಇನ್ನೊಂದ್ ಹಾಡಾದ್ರ ನಾ ಜೈಲಿಗೆ ಹೋಗ್ತೀನ್ರಿ ಮಾವಾರ" ಅಂದೆ. ನಕ್ಕರು, ಬ್ಯಾಂಡ್ ನಿಂತಿತು. ಹೆಸರುಗಳನ್ನು ಒಂದು ವಾರ ಮೊದಲೇ ಆಧಾರ್ ಕಾರ್ಡಿನ ಜೊತೆ ಹೋಲಿಸಿ ನೋಡಿ. ಒಂದು ಒತ್ತಕ್ಷರ ಹೆಚ್ಚುಕಡಿಮೆ ಆದರೂ ಪಾಸ್‌ಪೋರ್ಟ್ ಹೊತ್ತಿಗೆ ಹುಡುಗಿ ಅಲೆದಾಡುತ್ತಾಳೆ. ವಯಸ್ಸು ಹುಡುಗನಿಗೆ 21, ಹುಡುಗಿಗೆ 18. ಕಮಿಟಿಯ ಹಿರಿಯರೇ ಬಂದು "ಎರಡ್ ತಿಂಗಳ ಅಷ್ಟ ಕಮ್ಮಿ ಐತ್ರಿ" ಅಂದರೂ ಆಗುವುದಿಲ್ಲ ಅನ್ನಿ.

ಆರಾಧನೆಯ ಕ್ರಮದಲ್ಲಿ ಕೈಹಾಕಲು ಅವಸರ ಬೇಡ. ಸಿಎಸ್‌ಐ ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು. ಆಂಗ್ಲಿಕನ್, ಮೆಥಡಿಸ್ಟ್ ಹೀಗೆ ಬೇರೆ ಬೇರೆ ಸಭೆಗಳು ಕೂಡಿ ಆಗಿದ್ದು. ಸ್ವಿಸ್-ಜರ್ಮನ್ ಮಿಷನರಿಗಳು ಕಟ್ಟಿದ, ಆಡಂಬರವಿಲ್ಲದ ಆರಾಧನೆಯ ನಮ್ಮ ಕಡೆಯ ಬಾಸೆಲ್ ಮಿಷನ್ ಸಭೆಗಳು ಆಮೇಲೆ ಸೇರಿದವು. ಇವತ್ತು ನಾವು ಆಂಗ್ಲಿಕನ್ ಕಮ್ಯುನಿಯನ್ ಅನ್ನುವ ಲೋಕದ ಆಂಗ್ಲಿಕನ್ ಸಭೆಗಳ ಕೂಟದಲ್ಲಿ ಇದ್ದೇವೆ, ಬಿಷಪ್ ಇದ್ದಾರೆ, ಬಿಳಿ ನಿಲುವಂಗಿ ಇದೆ. ಆದರೆ ಮುಂದಿನ ಬೆಂಚಿನ ಅಜ್ಜನ ಮನಸ್ಸು ಇನ್ನೂ ಬಾಸೆಲ್ ಮಿಷನ್ನೇ. ನಾನು ಹೊಸದರಲ್ಲಿ ಬಲಿಪೀಠದ ಮೇಲೆ ಎರಡು ಮೇಣದಬತ್ತಿ ಜಾಸ್ತಿ ಹಚ್ಚಿದೆ. ಆರಾಧನೆ ಮುಗಿದಮೇಲೆ ಒಬ್ಬರು ಮೆಲ್ಲಗೆ ಬಂದು, "ಕರೆಂಟ್ ಇತ್ತಲ್ರಿ ಅಕ್ಕಾರ" ಅಂದರು.

ಕಾಣಿಕೆಯನ್ನು ಒಬ್ಬರೇ ಎಣಿಸಬೇಡಿ. ಇಬ್ಬರು ಎಣಿಸಿ, ಅಲ್ಲೇ ಸಹಿ. ಸುಗ್ಗಿ ಹಬ್ಬದ ಲಿಲಾವಿನಲ್ಲಿ ಒಂದು ಕುಂಬಳಕಾಯಿ ಸಾವಿರ ರೂಪಾಯಿಗೆ ಹೋಗುತ್ತದೆ, ಕೂಗಿದವರು ದುಡ್ಡು ಕೊಡುವುದು ಕ್ರಿಸ್ಮಸ್ಸಿಗೆ. ಅವರ ಹೆಸರು ಬರೆದಿಡಿ.

ವರ್ಗಾವಣೆ ಪತ್ರ ಬಂದ ದಿನ ಆ ಸಾವಿನ ತಿಂಗಳುಗಳ ನೋಟ್‌ಬುಕ್ಕನ್ನು ನಿಮ್ಮ ಸಾಮಾನಿನ ಜೊತೆ ಕಟ್ಟಬೇಡಿ. ರಿಜಿಸ್ಟರುಗಳ ಜೊತೆ ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಮುಂದಿನವರ ಕೈಗೇ ಕೊಡಿ.