ಮೊದಲು ಲೆಕ್ಕ, ಆಮೇಲೆ ಕತೆ

ವೈಜ್ಞಾನಿಕ ಕತೆ ಬರೆಯುವವರಿಗೆ ವಸ್ತು ಎಲ್ಲಿಂದ ಸಿಗುತ್ತದೆ ಎಂದು ಓದುಗರು ಕೇಳುತ್ತಲೇ ಇರುತ್ತಾರೆ. ನನಗೆ ಅದು ಲೆಕ್ಕದಿಂದ ಸಿಗುತ್ತದೆ. ಪಾತ್ರ ಯಾರು, ಅವರ ಹೆಸರೇನು ಎಂದು ತೀರ್ಮಾನಿಸುವ ಮೊದಲೇ ದೂರ, ಗುರುತ್ವ, ತಾಪಮಾನ, ಹಗಲಿನ ಉದ್ದ ಇವನ್ನೆಲ್ಲ ಒಂದು ಹಾಳೆಯ ಮೇಲೆ ಬರೆದುಕೊಳ್ಳುತ್ತೇನೆ. ಆ ಹಾಳೆಯನ್ನು ನೋಡುತ್ತ ಕುಳಿತರೆ ಯಾವುದಾದರೂ ಒಂದು ಅಂಕಿ ಮನುಷ್ಯರನ್ನು ಕಾಡಲು ಶುರುಮಾಡುತ್ತದೆ. ಕತೆ ಇರುವುದು ಅಲ್ಲಿ.

ಮಂಗಳ ಗ್ರಹದ ಮೇಲೆ ಕೆಲಸ ಮಾಡುವ ಮಗಳು ಮತ್ತು ಭೂಮಿಯಲ್ಲಿರುವ ತಾಯಿಯ ಬಗ್ಗೆ ನಾನೊಂದು ಕತೆ ಬರೆದೆ. ಎರಡು ಗ್ರಹಗಳ ನಡುವಿನ ದೂರ ಸುಮಾರು ಐದೂವರೆ ಕೋಟಿ ಕಿಲೋಮೀಟರಿನಿಂದ 40 ಕೋಟಿ ಕಿಲೋಮೀಟರಿನವರೆಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಬೆಳಕಿಗಿಂತ ವೇಗವಾಗಿ ಯಾವ ಸಂದೇಶವೂ ಹೋಗಲಾರದು. ಹಾಗಾಗಿ ಒಂದು ಮಾತು ಆ ಕಡೆ ತಲುಪಲು ಹತ್ತಿರವಿದ್ದಾಗ 3 ನಿಮಿಷ, ದೂರವಿದ್ದಾಗ 22 ನಿಮಿಷ ಬೇಕು. ‘ಊಟ ಆಯಿತಾ’ ಎಂದು ಕೇಳಿದರೆ ‘ಆಯಿತು’ ಎಂಬ ಉತ್ತರಕ್ಕೆ ಮುಕ್ಕಾಲು ಗಂಟೆ ಕಾಯಬೇಕು.

ಅಷ್ಟು ಹೊತ್ತು ಯಾರೂ ಸುಮ್ಮನೆ ಕೂರುವುದಿಲ್ಲ. ಇಬ್ಬರೂ ಮಾತನಾಡುತ್ತಲೇ ಇರುತ್ತಾರೆ, ಮಾತುಗಳು ದಾರಿಯಲ್ಲಿ ಒಂದನ್ನೊಂದು ದಾಟಿಹೋಗುತ್ತವೆ. ನನ್ನ ಕತೆಯಲ್ಲಿ ಮಗಳು, “ಅಮ್ಮಾ, ಡಾಕ್ಟರು ಹೇಳಿದ್ದನ್ನು ನನ್ನಿಂದ ಮುಚ್ಚಿಡುತ್ತಿದ್ದೀಯಾ?” ಎಂದು ಕೇಳಿ ಕಾಯುತ್ತಾಳೆ. ಆಗ ಅವಳಿಗೆ ಕೇಳಿಸುವುದು, “ನೀನು ನೆಟ್ಟ ಟೊಮೆಟೊ ಹೂ ಬಿಟ್ಟಿತೇನೇ?” ಎಂಬ ಮಾತು. ಪ್ರಶ್ನೆ ತಲುಪುವ ಮೊದಲೇ ತಾಯಿ ಅದನ್ನು ಕಳಿಸಿಯಾಗಿತ್ತು. ಮಗಳಿಗೆ ಅದು ಗೊತ್ತಿದ್ದರೂ ಅಮ್ಮ ವಿಷಯ ಮರೆಸುತ್ತಿದ್ದಾಳೆ ಎಂದು ಕಿವಿ ನಂಬುತ್ತದೆ. ಇಬ್ಬರ ನಡುವಿನ ಜಗಳವನ್ನು ನಾನು ಹೊರಗಿನಿಂದ ತಂದು ಸೇರಿಸಬೇಕಾಗಲಿಲ್ಲ. ಬೆಳಕಿನ ವೇಗವೇ ಅದನ್ನು ಹುಟ್ಟಿಸಿತು.

ಕತೆಯ ಕೊನೆಯ ಭಾಗವನ್ನೂ ಆಕಾಶವೇ ಕೊಟ್ಟಿತು. ಸುಮಾರು 26 ತಿಂಗಳಿಗೊಮ್ಮೆ ಸೂರ್ಯ ಭೂಮಿಗೂ ಮಂಗಳಕ್ಕೂ ನಡುವೆ ಬರುತ್ತಾನೆ. ಸೂರ್ಯನ ಸುತ್ತಲಿನ ಬಿಸಿ ಅನಿಲ ರೇಡಿಯೊ ಸಂಕೇತಗಳನ್ನು ಕೆಡಿಸುತ್ತದೆ. ಅರೆಬರೆಯಾಗಿ ತಲುಪಿದ ಆದೇಶ ಯಂತ್ರಕ್ಕೇ ಮುಳುವಾದೀತು ಎಂದು ಬಾಹ್ಯಾಕಾಶ ಸಂಸ್ಥೆಗಳು ಆಗ ಎರಡು ವಾರಗಳ ಮಟ್ಟಿಗೆ ಮಂಗಳದ ನೌಕೆಗಳಿಗೆ ಆದೇಶ ಕಳಿಸುವುದನ್ನು ನಿಲ್ಲಿಸುತ್ತವೆ. ತಾಯಿಯ ಶಸ್ತ್ರಚಿಕಿತ್ಸೆಯ ನಿರ್ಧಾರವನ್ನು ನಾನು ಆ ಎರಡು ವಾರಗಳ ಒಳಗೆ ಇಟ್ಟೆ.

ಇಂಥ ಕತೆಗೆ ಟಿಪ್ಪಣಿಗಳು ಪುಟಗಟ್ಟಲೆ ಬೆಳೆಯುತ್ತವೆ. ಕತೆಯೊಳಗೆ ಹೋಗುವುದು ಬೆರಳೆಣಿಕೆಯ ಸಾಲುಗಳು ಮಾತ್ರ. 2021ರಲ್ಲಿ ಮಂಗಳಕ್ಕೆ ಇಳಿದ ಪರ್ಸಿವಿಯರೆನ್ಸ್ ರೋವರ್ ಮೈಕ್ರೊಫೋನ್ ಹೊತ್ತೊಯ್ದಿತ್ತು. ಅದರ ಧ್ವನಿಮುದ್ರಣಗಳಿಂದ ಅಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 240 ಮೀಟರ್ ಎಂದು ತಿಳಿಯಿತು. ಇಲ್ಲಿ ಅದು 340. ಕೀಚಲು ಸ್ವರಗಳು ಮಂದ್ರ ಸ್ವರಗಳಿಗಿಂತ ತುಸು ಮುಂಚೆ ತಲುಪುತ್ತವೆ, ಆದರೆ ದೂರ ಹೋದಂತೆ ಇಂಗಾಲದ ಡೈಆಕ್ಸೈಡ್ ಅವುಗಳನ್ನೇ ಮೊದಲು ನುಂಗಿಬಿಡುತ್ತದೆ. ಇದನ್ನು ಓದಿದ ದಿನ ನನಗೆ ಬೇರೇನೂ ಕೆಲಸವಾಗಲಿಲ್ಲ, ಅಷ್ಟು ಸಂತೋಷವಾಗಿತ್ತು. ಕತೆಯಲ್ಲಿ ಅದು ಒಂದೇ ವಾಕ್ಯ: ಮಗಳು ಹೊರಗಿನ ಗಾಳಿಯ ಸದ್ದನ್ನು ಮುದ್ರಿಸಿ ಕಳಿಸುತ್ತಾಳೆ, ತಾಯಿ ಅದನ್ನು ಕೇಳಿ, “ಗೋಡೆಯಾಚೆ ಯಾರೋ ಉಸಿರಾಡಿದ ಹಾಗಿದೆ” ಎನ್ನುತ್ತಾಳೆ. ವಿಜ್ಞಾನದಲ್ಲಿ ಆಸಕ್ತಿಯೇ ಇಲ್ಲದ ಆಪ್ತರೊಬ್ಬರಿಗೆ ಪ್ರತಿ ಕರಡನ್ನೂ ಓದಿಸುತ್ತೇನೆ. ಅವರು ಪುಟ ಹಾರಿಸಿದ ಕಡೆಯಲ್ಲೆಲ್ಲ ಪೆನ್ಸಿಲ್ ಗುರುತು ಬೀಳುತ್ತದೆ, ಆ ಭಾಗ ಹೋಗುತ್ತದೆ.

ನಾನು ಪಾಲಿಸುವ ಕಟ್ಟಳೆ ಒಂದಿದೆ. ಒಂದು ಕತೆಯಲ್ಲಿ ಇಂದಿನ ವಿಜ್ಞಾನ ಒಪ್ಪದ ಸಂಗತಿ ಒಂದೇ ಇರಬೇಕು. ಅದನ್ನು ಮೊದಲ ಪುಟಗಳಲ್ಲೇ ಓದುಗರ ಮುಂದೆ ಇಟ್ಟುಬಿಡುತ್ತೇನೆ. ಆಮೇಲೆ ಗೋಡೆಯ ದಪ್ಪ, ಉಸಿರಾಡುವ ಗಾಳಿ, ನೀರಿನ ಲೆಕ್ಕ ಎಲ್ಲವೂ ತಾಳೆಯಾಗಬೇಕು. ಕಷ್ಟ ಬಂದಾಗಲೆಲ್ಲ ಹೊಸ ಯಂತ್ರವೊಂದು ಪ್ರತ್ಯಕ್ಷವಾದರೆ ಪಾತ್ರಗಳ ಭಯವನ್ನು ಯಾರು ತಾನೇ ನಂಬುತ್ತಾರೆ?

ವೃತ್ತಿಯ ಮಾತಿಗೆ ಬರುತ್ತೇನೆ. ಬರವಣಿಗೆಯಿಂದ ಬರುವ ಹಣದಲ್ಲಿ ಸಂಸಾರ ನಡೆಯುವುದಿಲ್ಲ. ನಾನು ಅಳತೆಯ ಉಪಕರಣಗಳನ್ನು ಪರೀಕ್ಷಿಸಿ ದುರಸ್ತಿ ಮಾಡುವ ಕೆಲಸದಲ್ಲಿದ್ದೇನೆ. ಬರೆಯುವುದು ನಸುಕಿನಲ್ಲಿ. ಅಮೆರಿಕದ ವೈಜ್ಞಾನಿಕ ಕತೆಗಾರ್ತಿ ಆಕ್ಟೇವಿಯಾ ಬಟ್ಲರ್ ಸಣ್ಣಪುಟ್ಟ ಕೂಲಿ ಕೆಲಸಗಳನ್ನು ಮಾಡುತ್ತ, ರಾತ್ರಿ ಎರಡು ಗಂಟೆಗೆ ಎದ್ದು ಬರೆಯುತ್ತಿದ್ದರು. ಮುಂದೆ 1995ರಲ್ಲಿ ಅವರಿಗೆ ಪ್ರತಿಭಾವಂತರಿಗೆ ಕೊಡುವ ಮೆಕಾರ್ಥರ್ ಫೆಲೋಶಿಪ್ ಬಂತು. 2015ರಲ್ಲಿ ವೈಜ್ಞಾನಿಕ ಕತೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿ ಪಡೆದ ಚೀನಾದ ಲಿಯು ಸಿಕ್ಸಿನ್ ಬಹಳ ವರ್ಷ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್ ಆಗಿದ್ದವರು. ಕೆಲಸ ಬಿಟ್ಟು ಬರೆಯಲು ಕೂರಬೇಕೇ ಎಂದು ಕೇಳುವ ಹೊಸಬರಿಗೆ ನಾನು ಈ ಇಬ್ಬರ ಬದುಕನ್ನು ಹೇಳುತ್ತೇನೆ.

ನನ್ನ ಮಟ್ಟಿಗೆ ಉದ್ಯೋಗವೇ ಬರಹಕ್ಕೆ ಬೇಕಾದ ಪಾಠ ಕಲಿಸಿದೆ. ಯಂತ್ರಗಳು ಸಾಮಾನ್ಯವಾಗಿ ಅಬ್ಬರದಿಂದ ಕೆಡುವುದಿಲ್ಲ. ಎಲ್ಲೋ ಒಂದು ವಾಷರ್ ಗಡಸಾಗಿರುತ್ತದೆ, ತಂತಿಯ ಬೆಸುಗೆ ಬಿಟ್ಟಿರುತ್ತದೆ. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಏಳು ಜನರೊಂದಿಗೆ ನಾಶವಾದದ್ದು ಚಳಿಗೆ ಬಿರುಸಾದ ರಬ್ಬರ್ ಉಂಗುರದಿಂದ. ಹಿಂದಿನ ರಾತ್ರಿ ಎಂಜಿನಿಯರುಗಳು ಆ ಚಳಿಯಲ್ಲಿ ಉಡಾವಣೆ ಬೇಡವೆಂದು ಹೇಳಿಯೂ ಇದ್ದರು. ಆ ತನಿಖೆಯ ವರದಿಯನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಶತ್ರು ಗ್ರಹದವರು, ಸ್ಫೋಟಗಳು ಇವೆಲ್ಲ ನನ್ನ ಕತೆಗಳಲ್ಲಿ ಇಲ್ಲ. ಗೊತ್ತಿದ್ದವನ ಮಾತು ಮೇಲಿನವರಿಗೆ ಕೇಳಿಸದೇ ಹೋಗುವುದು ನನಗೆ ಅದಕ್ಕಿಂತ ಭಯಾನಕವಾಗಿ ಕಾಣುತ್ತದೆ.

ಪತ್ರಿಕೆಗಳಿಂದ ಮರಳಿ ಬಂದ ಕತೆಗಳು ನನ್ನ ಬಳಿ ಸಾಕಷ್ಟಿವೆ. ಅವುಗಳ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ: ಕೆಲವನ್ನು ತಿದ್ದಿ ಮತ್ತೆ ಕಳಿಸಿದೆ, ಕೆಲವು ಹಾಗೇ ಉಳಿದಿವೆ.

ಈ ಪ್ರಕಾರಕ್ಕೇ ಅಂಟಿಕೊಂಡ ಇನ್ನೊಂದು ಕಷ್ಟವೆಂದರೆ ವಿಜ್ಞಾನ ನಿಂತಲ್ಲಿ ನಿಲ್ಲುವುದಿಲ್ಲ. ಲ್ಯಾರಿ ನಿವೆನ್ ಅವರ ಮೊದಲ ಕತೆ ಅಚ್ಚಾದದ್ದು 1964ರ ಕೊನೆಯಲ್ಲಿ. ಬುಧ ಗ್ರಹ ಸದಾ ಒಂದೇ ಮುಖವನ್ನು ಸೂರ್ಯನಿಗೆ ತೋರಿಸುತ್ತದೆ ಎಂಬ ಅಂದಿನ ತಿಳಿವಳಿಕೆಯ ಮೇಲೆ ಇಡೀ ಕತೆ ನಿಂತಿತ್ತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ರೇಡಾರ್ ಅಳತೆಗಳು ಬುಧ 59 ದಿನಗಳಿಗೊಮ್ಮೆ ತನ್ನ ಸುತ್ತ ತಿರುಗುತ್ತದೆ ಎಂದು ತೋರಿಸಿದವು. ಶುಕ್ರನ ಮೇಲೆ ಜೌಗು ಕಾಡುಗಳಿವೆ ಎಂದು ಬರೆದವರ ಗತಿಯೂ 1962ರಲ್ಲಿ ಮ್ಯಾರಿನರ್-2 ನೌಕೆ ಅಲ್ಲಿನ ಉರಿಯನ್ನು ಅಳೆದ ಮೇಲೆ ಹಾಗೆಯೇ ಆಯಿತು. ಇದರಿಂದ ಆ ಕತೆಗಳ ಬೆಲೆ ಕಡಿಮೆಯಾಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಬರೆದ ದಿನ ಗೊತ್ತಿದ್ದುದಕ್ಕೆ ಅವು ನಿಷ್ಠವಾಗಿದ್ದವು. ನನ್ನ ಪ್ರತಿ ಕತೆಯ ಕೊನೆಯಲ್ಲೂ ಬರೆದ ವರ್ಷವನ್ನು ಅಚ್ಚು ಹಾಕಿಸುತ್ತೇನೆ.

ಈಗ ಕೈಯಲ್ಲಿರುವ ಕಾದಂಬರಿ ನಡೆಯುವುದು ಶನಿಯ ಚಂದ್ರ ಟೈಟಾನ್ ಮೇಲೆ. ಅಲ್ಲಿ ಮೈನಸ್ 179 ಡಿಗ್ರಿ ಚಳಿ. ವಾಯುವಿನ ಒತ್ತಡ ಭೂಮಿಯದರ ಒಂದೂವರೆ ಪಟ್ಟು, ಗುರುತ್ವ ಮಾತ್ರ ಏಳರಲ್ಲಿ ಒಂದು ಪಾಲು. ಮೀಥೇನ್ ಮಳೆಯ ಹನಿಗಳು ನಮ್ಮ ಮಳೆಹನಿಗಳಿಗಿಂತ ದಪ್ಪ. ಹತ್ತಿ ಹಿಂಜಿದಾಗ ತೇಲುವ ಎಳೆಗಳಂತೆ ನಿಧಾನವಾಗಿ ಇಳಿಯುತ್ತವೆ. ನಾಸಾದ ಡ್ರ್ಯಾಗನ್‌ಫ್ಲೈ ಎಂಬ ಹಾರುವ ನೌಕೆ ಯೋಜನೆಯ ಪ್ರಕಾರ 2028ರಲ್ಲಿ ಹೊರಟು 2034ರಲ್ಲಿ ಅಲ್ಲಿ ಇಳಿಯಬೇಕು. ಅಷ್ಟರೊಳಗೆ ಪುಸ್ತಕ ಓದುಗರ ಕೈಗೆ ಸೇರಬೇಕು ಎಂಬುದು ನನ್ನ ಹಟ. ಮೂರನೆಯ ಅಧ್ಯಾಯದಲ್ಲಿ ಒಬ್ಬಳು ತೋಳುಗಳಿಗೆ ರೆಕ್ಕೆ ಕಟ್ಟಿಕೊಂಡು ಹಾರುತ್ತಾಳೆ. ಅಲ್ಲಿನ ಗಾಳಿ ಮತ್ತು ಗುರುತ್ವದಲ್ಲಿ ಮನುಷ್ಯರ ತೋಳಿನ ಬಲ ಅದಕ್ಕೆ ಸಾಕು. ಅಷ್ಟು ದಪ್ಪನೆಯ ಚಳಿಯುಡುಪು ತೊಟ್ಟು ಅವಳ ಭುಜಗಳು ಎಷ್ಟು ಹೊತ್ತು ತಾಳುತ್ತವೆ ಎಂಬ ಲೆಕ್ಕ ಇನ್ನೂ ಬಾಕಿಯಿದೆ, ಅದು ಮುಗಿಯುವವರೆಗೆ ಅವಳನ್ನು ಬಂಡೆಯ ಅಂಚಿನಿಂದ ಹಾರಿಸುವುದಿಲ್ಲ.